ಶಾಲೆಗಾಗಿ ಮನೆ ಕೊಂಡಿದ್ದೇವೆ, ಗಡಿ ಬದಲಾಯಿಸುವುದು ನ್ಯಾಯವೇ?

ಅಮೆರಿಕದಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಸಾಮಾನ್ಯವಾಗಿ ಒಂದು ಗಡಿ ಇರುತ್ತದೆ; ಮಗು ಯಾವ ಶಾಲೆಗೆ ಎಂಬುದನ್ನು ಮನೆಯ ವಿಳಾಸ ನಿರ್ಧರಿಸುತ್ತದೆ. ಮೇರಿಲ್ಯಾಂಡ್ ರಾಜ್ಯದ ಹೊವರ್ಡ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಹೊಸದಾಗಿ ಬರುವ ಕನ್ನಡ ಕುಟುಂಬಗಳು ಮನೆ ಹುಡುಕಲು ಶುರು ಮಾಡಿದ ಕೂಡಲೇ ನನ್ನನ್ನು ಕೇಳುವ ಪ್ರಶ್ನೆ ಇದು: "ಒಳ್ಳೆಯ ಹೈಸ್ಕೂಲಿನ ಗಡಿಯೊಳಗೆ ಬರುತ್ತದೆಂದು ಅಷ್ಟೊಂದು ಹಣ ಹೆಚ್ಚು ಕೊಟ್ಟು ಮನೆ ಕೊಳ್ಳುತ್ತೇವೆ. ನಾಳೆ ಶಿಕ್ಷಣ ಮಂಡಳಿ ಆ ಗಡಿಯನ್ನೇ ಬದಲಾಯಿಸಿದರೆ ನಮ್ಮ ಗತಿಯೇನು? ಅದು ನ್ಯಾಯವೇ?" ಊರಿನಿಂದ ಫೋನ್ ಮಾಡುವ ನಮ್ಮ ಸೋದರತ್ತೆ ಇದನ್ನೇ ಬೇರೆ ಬಗೆಯಲ್ಲಿ ಕೇಳುತ್ತಾರೆ: "ಸರ್ಕಾರಿ ಶಾಲೆಗೆ ಹೋಗಲು ಅಲ್ಲಿ ಜಗಳವಾಡುತ್ತಾರಂತೆ, ನಿಜವೇ?"

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯವೇ. ಮನೆ ನಿಮ್ಮದು, ಗಡಿ ನಿಮ್ಮದಲ್ಲ, ನನ್ನದೂ ಅಲ್ಲ. ಕ್ರಯಪತ್ರದಲ್ಲಿ ನಿವೇಶನದ ಅಳತೆ ಇರುತ್ತದೆ, ಚಕ್ಕುಬಂದಿ ಇರುತ್ತದೆ. ಇಂಥ ಹೈಸ್ಕೂಲಿನಲ್ಲಿ ನಿಮ್ಮ ಮಗುವಿಗೆ ಒಂದು ಸೀಟು ಎಂದು ಎಲ್ಲಿಯೂ ಬರೆದಿರುವುದಿಲ್ಲ.

ಈ ಪ್ರಶ್ನೆಗೆ ಇಷ್ಟು ಕಾವು ಬಂದದ್ದು 2019ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಕೌಂಟಿಯ ಶಾಲೆಗಳ ಅಂದಿನ ಮುಖ್ಯಾಧಿಕಾರಿ (ಸೂಪರಿಂಟೆಂಡೆಂಟ್) ಮೈಕೆಲ್ ಮಾರ್ಟಿರಾನೊ ಕೌಂಟಿಯ ಶಾಲಾ ಗಡಿಗಳನ್ನು ದೊಡ್ಡ ಪ್ರಮಾಣದಲ್ಲಿ ಮರುಹಂಚುವ ಯೋಜನೆಯನ್ನು ಮಂಡಳಿಯ ಮುಂದಿಟ್ಟರು. ಅದರಂತೆ ಸುಮಾರು 7,400 ಮಕ್ಕಳು ಶಾಲೆ ಬದಲಾಯಿಸಬೇಕಾಗಿತ್ತು. ಕೆಲವು ಶಾಲೆಗಳು ಮಕ್ಕಳಿಂದ ತುಂಬಿ ತುಳುಕುತ್ತಿದ್ದವು, ಇನ್ನು ಕೆಲವುಗಳಲ್ಲಿ ಜಾಗ ಖಾಲಿ ಇತ್ತು; ಅದನ್ನು ಸರಿದೂಗಿಸುವುದು ಒಂದು ಉದ್ದೇಶ. ಬಡ ಮಕ್ಕಳು ಕೆಲವೇ ಶಾಲೆಗಳಲ್ಲಿ ಗುಂಪುಗೂಡಿದ್ದನ್ನು ಕಡಿಮೆ ಮಾಡುವುದು ಇನ್ನೊಂದು. ಮಗುವಿನ ಜನಾಂಗ ನೋಡಿ ಶಾಲೆ ಹಂಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಸಿಯಾಟಲ್ ಮತ್ತು ಲೂಯಿವಿಲ್ ಶಾಲೆಗಳ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ಇಲ್ಲಿ ಅಳತೆಗೋಲಾದದ್ದು ಆದಾಯ: ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾದ ಮಕ್ಕಳ ಪ್ರಮಾಣ. ವೈಲ್ಡ್ ಲೇಕ್ ಹೈಸ್ಕೂಲಿನಲ್ಲಿ ಅದು ಶೇ. 40ಕ್ಕೂ ಹೆಚ್ಚಿತ್ತು. ಕೆಲವೇ ಮೈಲಿ ದೂರದ ರಿವರ್ ಹಿಲ್ ಹೈಸ್ಕೂಲಿನಲ್ಲಿ ಶೇ. 5 ಕೂಡ ಇರಲಿಲ್ಲ. ಈ ಎರಡು ಶಾಲೆಗಳ ನಡುವೆ ಮಕ್ಕಳನ್ನು ಅದಲುಬದಲು ಮಾಡುವ ಪ್ರಸ್ತಾವವೇ ಎಲ್ಲಕ್ಕಿಂತ ದೊಡ್ಡ ಗದ್ದಲ ಎಬ್ಬಿಸಿತು.

ಗಡಿ ಎಳೆಯಲೆಂದು ಇಡೀ ಕೌಂಟಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಅವುಗಳಿಗೆ ಪಾಲಿಗನ್ ಎನ್ನುತ್ತಾರೆ. ಆ ಮೂರು ತಿಂಗಳು ಜನ ತಮ್ಮ ಬೀದಿಯ ಹೆಸರು ಬಿಟ್ಟು ಪಾಲಿಗನ್ ಸಂಖ್ಯೆಯಿಂದಲೇ ಪರಿಚಯ ಹೇಳಿಕೊಂಡರು. ಸಾರ್ವಜನಿಕ ಸಭೆಗಳು ರಾತ್ರಿಗಟ್ಟಲೆ ನಡೆದವು. ರಸ್ತೆಬದಿಯಲ್ಲಿ ಫಲಕ ಹಿಡಿದು ನಿಂತವರಲ್ಲಿ ಏಷ್ಯಾ ಮೂಲದ ಪೋಷಕರು ಬಹಳ ಮಂದಿ, ನಮ್ಮವರೂ ಇದ್ದರು. ನಮ್ಮ ಬೀದಿಯೂ ಒಂದು ಹಂತದ ನಕ್ಷೆಯಲ್ಲಿ ಬಣ್ಣ ಬದಲಾಯಿಸಿತ್ತು, ಆದ್ದರಿಂದ ಇದನ್ನು ದಡದಲ್ಲಿ ನಿಂತು ಹೇಳುತ್ತಿಲ್ಲ. ಕೊನೆಗೆ ನವೆಂಬರ್‌ನಲ್ಲಿ ಮಂಡಳಿ ಒಪ್ಪಿದ್ದು 5,000ಕ್ಕೂ ಹೆಚ್ಚು ಮಕ್ಕಳ ವರ್ಗಾವಣೆಗೆ.

"ನಾವು ಹಣ ಕೊಟ್ಟಿದ್ದೇವೆ" ಎನ್ನುವ ವಾದವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಪ್ರತಿ ಪಟ್ಟಣಕ್ಕೂ ಬೇರೆ ಬೇರೆ ಶಾಲಾ ಡಿಸ್ಟ್ರಿಕ್ಟ್, ಅಂದರೆ ಶಾಲಾ ಆಡಳಿತ ಘಟಕ, ಇರುತ್ತದೆ. ಒಂದರ ತೆರಿಗೆ ಇನ್ನೊಂದಕ್ಕೆ ಹೋಗುವುದಿಲ್ಲ. ಮೇರಿಲ್ಯಾಂಡ್ ಹಾಗಲ್ಲ. ಇಲ್ಲಿ ಒಂದು ಕೌಂಟಿಗೆ ಒಂದೇ ಡಿಸ್ಟ್ರಿಕ್ಟ್. ರಿವರ್ ಹಿಲ್‌ನವರ ಆಸ್ತಿ ತೆರಿಗೆಯೂ ವೈಲ್ಡ್ ಲೇಕ್‌ನವರ ಆಸ್ತಿ ತೆರಿಗೆಯೂ ಸೇರುವುದು ಒಂದೇ ಬೊಕ್ಕಸಕ್ಕೆ. ಪಠ್ಯಕ್ರಮ ಒಂದೇ, ಶಿಕ್ಷಕರ ವೇತನ ಶ್ರೇಣಿ ಒಂದೇ. ನೀವು ಹೆಚ್ಚಾಗಿ ಕೊಟ್ಟ ಹಣ ಶಾಲೆಗೆ ಹೋಗಲಿಲ್ಲ, ಮನೆ ಮಾರಿದವರ ಕೈಗೆ ಹೋಯಿತು. ಕೆರೆಯ ತೂಬು ತನ್ನ ಗದ್ದೆಯ ಮುಂದಿದೆ ಎಂದು ಯಾರೂ ಕೆರೆಯೇ ತನ್ನದೆನ್ನುವಂತಿಲ್ಲ; ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನೀರಗಂಟಿ ಊರಿನ ಪರವಾಗಿ ನೋಡುತ್ತಾನೆ. ಚುನಾಯಿತ ಮಂಡಳಿಗೆ ನಾವು ಒಪ್ಪಿಸಿರುವುದೂ ಅದೇ ಕೆಲಸ.

ಇಷ್ಟಕ್ಕೂ ಬಡತನ ಕೆಲವೇ ಶಾಲೆಗಳ ಸುತ್ತ ನಿಂತದ್ದು ತಾನಾಗಿ ಅಲ್ಲ. ಹೊವರ್ಡ್ ಕೌಂಟಿಯ ಪಶ್ಚಿಮ ಭಾಗಕ್ಕೆ ಸಾರ್ವಜನಿಕ ನೀರು ಮತ್ತು ಒಳಚರಂಡಿಯ ಕೊಳವೆ ಹೋಗಿಲ್ಲ, ಹೋಗಬಾರದೆಂದೇ ಗೆರೆ ಎಳೆದಿದ್ದಾರೆ. ಕೊಳವೆಬಾವಿ ಮತ್ತು ಸೆಪ್ಟಿಕ್ ಟ್ಯಾಂಕ್ ನಂಬಿದ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುವುದಿಲ್ಲ. ಎಕರೆಗಟ್ಟಲೆ ನಿವೇಶನದ ಒಂಟಿ ಮನೆಗಳೇ ಏಳುತ್ತವೆ. ಬಾಡಿಗೆಗೆ ಸಿಗುವ ಮನೆಗಳು ಹೆಚ್ಚಾಗಿ ಪೂರ್ವದಲ್ಲಿ, ಕೌಂಟಿಯ ದೊಡ್ಡ ಊರಾದ ಕೊಲಂಬಿಯಾದ ಹಳೆಯ ಭಾಗಗಳಂಥ ಕಡೆ. ಅಂದರೆ ಯಾವ ಮಗು ಯಾವ ಶಾಲೆಗೆ ಎಂಬುದನ್ನು ಶಿಕ್ಷಣ ಮಂಡಳಿಗಿಂತ ಮೊದಲೇ ಯೋಜನಾ ಇಲಾಖೆ ತೀರ್ಮಾನಿಸಿಯಾಗಿತ್ತು. ಆ ಗೆರೆಯನ್ನು ಸಹಜವೆಂದು ಒಪ್ಪಿಕೊಂಡವರು ಶಾಲೆಯ ಗೆರೆ ಸರಿದಾಗ ಮಾತ್ರ ಸರ್ಕಾರದ ದಬ್ಬಾಳಿಕೆ ಎಂದು ಕೂಗಿದ್ದು ನನಗೆ ಇಂದಿಗೂ ನೋವು ತರುತ್ತದೆ.

ಆಕ್ಷೇಪಗಳಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಶಾಲೆ ಬಿಟ್ಟು ಮಗು ಬಸ್ ಹತ್ತಬೇಕೆಂದರೆ ತಾಯಿ ತಂದೆಯರು ಸಿಟ್ಟಾಗುವುದು ಸಹಜ. 2019ರಲ್ಲಿ ಹೈಸ್ಕೂಲು ಇಲ್ಲಿ ಬೆಳಿಗ್ಗೆ ಬಹಳ ಬೇಗ ಶುರುವಾಗುತ್ತಿತ್ತು. ಹದಿನೈದರ ಹುಡುಗನ ನಿದ್ದೆಯಲ್ಲಿ ಅರ್ಧ ಗಂಟೆ ಕಡಿತವೆಂದರೆ ಸಣ್ಣ ವಿಷಯವಲ್ಲ. ಅದಕ್ಕಿಂತ ಕಷ್ಟದ್ದು ನಡುವೆ ಶಾಲೆ ಬಿಡುವುದು. ಬ್ಯಾಂಡಿನಲ್ಲಿ ವಾದ್ಯ ನುಡಿಸುತ್ತಿದ್ದ, ತಂಡದಲ್ಲಿ ಆಡುತ್ತಿದ್ದ, ಒಬ್ಬ ಶಿಕ್ಷಕಿಯನ್ನು ನೆಚ್ಚಿಕೊಂಡಿದ್ದ ಮಗುವನ್ನು ಎತ್ತಿ ಇನ್ನೊಂದು ಕಡೆ ಇಡುವುದು ನನಗೂ ಒಪ್ಪಿಗೆಯಿಲ್ಲ. ಹೈಸ್ಕೂಲು (ಇಲ್ಲಿ ಅದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ) ಸೇರಿದವರು ಅಲ್ಲಿಯೇ ಮುಗಿಸಲಿ, ಹೊಸ ಗಡಿ ಒಂಬತ್ತನೆಯ ತರಗತಿಗೆ ಬರುವವರಿಂದ ಅನ್ವಯವಾಗಲಿ ಎಂಬುದು ನನ್ನ ನಿಲುವು. ವರ್ಷಗಟ್ಟಲೆ ಕಣ್ಣುಮುಚ್ಚಿ ಕುಳಿತು ಒಮ್ಮೆಲೇ ಸಾವಿರಾರು ಮಕ್ಕಳನ್ನು ಸರಿಸುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಸರಿಸುವುದು ಮೇಲು. ಮಂಡಳಿಯನ್ನು ಟೀಕಿಸುವುದಿದ್ದರೆ ಇಲ್ಲಿ ಟೀಕಿಸಬೇಕು.

"ಶಾಲೆಯ ಮಟ್ಟ ಕುಸಿಯುತ್ತದೆ" ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮನೆ ಮಾರುವ ಜಾಲತಾಣಗಳು ಶಾಲೆಗೆ ಹತ್ತಕ್ಕೆ ಇಷ್ಟು ಎಂದು ಕೊಡುವ ಅಂಕ ಬಹುಮಟ್ಟಿಗೆ ಅಲ್ಲಿ ಓದುವ ಮಕ್ಕಳ ತಂದೆ ತಾಯಿಯರ ಆದಾಯದ ನೆರಳು. ಶಿಕ್ಷಕರು ಹೇಗೆ ಕಲಿಸುತ್ತಾರೆ ಎಂಬುದನ್ನು ಅದು ಅಳೆಯುವುದಿಲ್ಲ. ನಮ್ಮ ಪಕ್ಕದ ಮಾಂಟ್ಗೊಮರಿ ಕೌಂಟಿಯಲ್ಲಿ ಸರ್ಕಾರಿ ವಸತಿಯ ಮನೆಗಳು ಶ್ರೀಮಂತ ಬಡಾವಣೆಗಳಲ್ಲೂ ಹಂಚಿಹೋಗಿದ್ದವು, ಯಾರಿಗೆ ಯಾವ ಮನೆ ಎಂಬುದು ಲಾಟರಿಯಿಂದ ನಿರ್ಧಾರವಾಗುತ್ತಿತ್ತು. ಆ ಮಕ್ಕಳ ಕಲಿಕೆಯನ್ನು ವರ್ಷಗಳ ಕಾಲ ಅನುಸರಿಸಿದ ಅಧ್ಯಯನವೊಂದು 2010ರಲ್ಲಿ ಹೊರಬಂತು. ಬಡತನ ಕಡಿಮೆಯಿರುವ ಪ್ರಾಥಮಿಕ ಶಾಲೆಗೆ ಹೋದ ಬಡ ಮಕ್ಕಳು, ಹೆಚ್ಚುವರಿ ಹಣ ಪಡೆದ ಬಡ ಶಾಲೆಗಳ ಮಕ್ಕಳಿಗಿಂತ ಬಹಳ ಮುಂದೆ ಬಂದಿದ್ದರು. ಗಣಿತದಲ್ಲಿ ಉಳ್ಳವರ ಮಕ್ಕಳೊಂದಿಗಿನ ಅಂತರ ಸುಮಾರು ಅರ್ಧಕ್ಕೆ ಇಳಿದಿತ್ತು. ಹಣ ಸುರಿದರೆ ಸಾಲದು, ಮಕ್ಕಳು ಒಟ್ಟಿಗೆ ಕೂರಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದನ್ನು ನಾನು ಕಂಡಿಲ್ಲ.

2019ರಲ್ಲಿ ಮಂಡಳಿಗೆ ಬಂದ ಪತ್ರಗಳಲ್ಲಿ ಕೆಲವು ಬಸ್ಸಿನ ಬಗ್ಗೆ ಇರಲೇ ಇಲ್ಲ. ಕಪ್ಪು ಮಕ್ಕಳ ಬಗ್ಗೆ, ಬಡವರ ಮಕ್ಕಳ ಬಗ್ಗೆ ಹೇಸಿಗೆಯ ಮಾತುಗಳಿದ್ದವು, ಪತ್ರಿಕೆಗಳಲ್ಲಿ ಬಂದವು. ವೈಲ್ಡ್ ಲೇಕ್‌ನಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರು ಅವನ್ನೆಲ್ಲ ಓದಿದರು. ತಮ್ಮ ಶಾಲೆಯನ್ನು ಶಿಕ್ಷೆಯೆಂಬಂತೆ ದೊಡ್ಡವರು ಮೈಕಿನ ಮುಂದೆ ವರ್ಣಿಸುವುದನ್ನು ಕೇಳಿಸಿಕೊಂಡರು. ಜಾತಿ ಕೇಳಿ ಬಾಡಿಗೆ ಮನೆ ನಿರಾಕರಿಸುವ ಊರುಗಳಿಂದ ಬಂದ ನಮಗೆ ಆ ಮಾತಿನ ಇರಿತ ಬೇಗ ತಿಳಿಯಬೇಕಿತ್ತು.

ಕೊಲಂಬಿಯಾ ಬೇರೆ ಊರುಗಳಂತಲ್ಲ ಎಂಬುದೂ ಇಲ್ಲಿ ಮುಖ್ಯ. ಕಟ್ಟಡ ಉದ್ಯಮಿ ಜೇಮ್ಸ್ ರೌಸ್ 1967ರಲ್ಲಿ ಇದನ್ನು ಆರಂಭಿಸಿದ್ದೇ ಕಪ್ಪು ಬಿಳಿಯರು, ಉಳ್ಳವರು ಇಲ್ಲದವರು ಒಂದೇ ನೆರೆಯಲ್ಲಿ ಬಾಳಲಿ ಎಂದು. ಊರಿನ ಬಡಾವಣೆಗಳನ್ನು ಇಲ್ಲಿ ಹಳ್ಳಿ ಎನ್ನುತ್ತಾರೆ; ವೈಲ್ಡ್ ಲೇಕ್ ಮೊದಲ ಹಳ್ಳಿ, ರಿವರ್ ಹಿಲ್ ಕೊನೆಯದು. ವೈಲ್ಡ್ ಲೇಕ್ ಹೈಸ್ಕೂಲಿನ ಹಳೆಯ ಕಟ್ಟಡ ಕೆಡವಿ ಹೊಸದನ್ನು ಕಟ್ಟುವಾಗ ಅಲ್ಲಿನ ಮಕ್ಕಳು ಪಾಠ ಕೇಳಿದ್ದು ಈಗಿನ ರಿವರ್ ಹಿಲ್ ಹೈಸ್ಕೂಲಿನ ಕಟ್ಟಡದಲ್ಲಿ! ರಿವರ್ ಹಿಲ್ ಸ್ವಂತ ಶಾಲೆಯಾಗಿ ತೆರೆದದ್ದು ಆಮೇಲೆ, 1996ರಲ್ಲಿ.

ಅತ್ತೆಯವರಿಗೆ ನಾನು ಹೇಳುವುದು ಬೇರೆ. ಜಗಳ ನಿಮ್ಮಲ್ಲಿಯೂ ಇದೆ ಅತ್ತೆ, ಗಡಿಯ ರೂಪ ಬೇರೆ ಅಷ್ಟೆ. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ನೆರೆಹೊರೆಯ ಬಡ ಮಕ್ಕಳಿಗೆ ಮೀಸಲಿಟ್ಟಾಗ ಬೆಂಗಳೂರಿನಲ್ಲಿ ನೆರೆಹೊರೆಯೆಂದರೆ ವಾರ್ಡ್ ಎಂದಾಯಿತು. ಆಮೇಲೆ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಉಳ್ಳವರು ಸರ್ಕಾರಿ ಶಾಲೆಯನ್ನು ಬಿಟ್ಟೇ ಹೋಗಿದ್ದಾರೆ, ಆದ್ದರಿಂದ ಗದ್ದಲ ಕೇಳಿಸುವುದಿಲ್ಲ. ಇಲ್ಲಿ ಇನ್ನೂ ಬಿಟ್ಟಿಲ್ಲ. ಜಗಳವಾಡುವಷ್ಟಾದರೂ ಸರ್ಕಾರಿ ಶಾಲೆ ಎಲ್ಲರಿಗೂ ಬೇಕಾಗಿದೆ ಎಂಬುದು ನನಗೆ ಭರವಸೆಯ ಸಂಗತಿ.

ಮನೆ ಹುಡುಕುತ್ತಿರುವವರಿಗೆ ಕೊನೆಯ ಮಾತು. ಜೆಸಪ್‌ನಲ್ಲಿ ಕೌಂಟಿಯ ಹದಿಮೂರನೆಯ ಹೈಸ್ಕೂಲು, ಗಿಲ್‌ಫರ್ಡ್ ಪಾರ್ಕ್, 2023ರಲ್ಲಿ ತೆರೆಯಿತು. ಅದಕ್ಕಾಗಿ ಗಡಿಗಳು ಮತ್ತೆ ಸರಿದವು. ಮುಂದೆಯೂ ಸರಿಯುತ್ತವೆ. ಒಂದು ಶಾಲೆಯ ಹೆಸರಿಗಾಗಿ ಸಾಲ ಏರಿಸಿಕೊಳ್ಳಬೇಡಿ. ಕೆಲಸಕ್ಕೆ ಹತ್ತಿರವಾದ, ಕೈಗೆಟುಕುವ ಮನೆ ನೋಡಿ. ಸುತ್ತಲಿನ ಎರಡು ಮೂರು ಹೈಸ್ಕೂಲುಗಳಿಗೆ ಹೋಗಿ ಬನ್ನಿ, ಅಲ್ಲಿನ ಮಕ್ಕಳನ್ನೇ ಮಾತನಾಡಿಸಿ. ಮುಂದಿನ ಸಲ ನಕ್ಷೆ ಬಿಡಿಸುವಾಗ ಸಭೆಗೆ ಖಂಡಿತ ಬನ್ನಿ: ಬಸ್ ಎಷ್ಟು ಹೊತ್ತಿಗೆ ಬರುತ್ತದೆ, ಕತ್ತಲಲ್ಲಿ ಮಕ್ಕಳು ಎಲ್ಲಿ ಕಾಯುತ್ತಾರೆ, ಹತ್ತನೆಯ ತರಗತಿಯವರನ್ನು ಅಲ್ಲಿಯೇ ಮುಗಿಸಲು ಬಿಡುತ್ತೀರಾ ಎಂದು ಕೇಳಿ. ಆ ಪ್ರಶ್ನೆಗಳನ್ನು ನಿಮ್ಮ ಜೊತೆ ನಿಂತು ನಾನೂ ಕೇಳುತ್ತೇನೆ.