ಮಾತ್ರೆ ಡಬ್ಬಿ ತನ್ನಿ ಅಂತ ನಾನು ಕೇಳೋದು ಯಾಕೆ

ಹೆಲ್ತ್ ಇನ್ಶೂರೆನ್ಸ್ ಮಾಡಿಸಲು ಬಂದವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಪ್ರೀಮಿಯಂ ಎಷ್ಟಾಗುತ್ತೆ?" ನನ್ನ ಮೊದಲ ಪ್ರಶ್ನೆಯೂ ಒಂದೇ: "ಮನೆಯಲ್ಲಿ ಯಾರ್ಯಾರು ಏನೇನು ಮಾತ್ರೆ ತಗೊಳ್ತಾರೆ?" ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. "ನಾವು ಬಂದಿರೋದು ಇನ್ಶೂರೆನ್ಸ್‌ಗೆ ಮೇಡಂ, ಮೆಡಿಕಲ್ ಶಾಪ್‌ಗಲ್ಲ" ಅಂತ ಒಬ್ಬರು ನೇರವಾಗಿಯೇ ಅಂದಿದ್ದರು.

ಈ ಅಭ್ಯಾಸ ಬಂದಿದ್ದು ನನ್ನ ಹಳೇ ಕೆಲಸದಿಂದ. ಈಗ ಪಾಲಿಸಿ ಆರಿಸಿಕೊಡುವ ಕಡೆ ಇದ್ದೇನೆ. ಅದಕ್ಕೂ ಮೊದಲು ಏಳು ವರ್ಷ ಕ್ಲೇಮ್ ಟೇಬಲ್‌ನಲ್ಲಿ ಕೂತಿದ್ದೆ. ಅಲ್ಲಿ ಪಾಲಿಸಿಯನ್ನು ಹಿಂದಿನಿಂದ ಓದುತ್ತೇವೆ. ರೋಗಿ ಆಸ್ಪತ್ರೆ ಸೇರಿಯಾಗಿದೆ, ಬಿಲ್ ಬಂದಾಗಿದೆ. ಯಾವ ಷರತ್ತಿನ ಪ್ರಕಾರ ಎಷ್ಟು ಕಡಿತ ಅಂತ ನೋಡುವುದಷ್ಟೇ ಬಾಕಿ. ಮಾರುವವರು ಮೊದಲ ಪುಟ ತೋರಿಸುತ್ತಾರೆ. ನಾವು ಹದಿನೇಳನೇ ಪುಟ ತೋರಿಸುತ್ತಿದ್ದೆವು.

ಸೇರಿದ ಎರಡನೇ ವರ್ಷ ಒಂದು ಫೈಲ್ ನನ್ನ ಕೈಗೆ ಬಂತು. ತಂದೆಗೆ 64 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಪಾಲಿಸಿ ಮಾಡಿಸಿ ಹದಿನಾಲ್ಕು ತಿಂಗಳು. ಪ್ರಪೋಸಲ್ ಫಾರ್ಮ್ ತುಂಬಿದ್ದು ಮಗ. ಶುಗರ್ ಇದೆಯಾ? ಇಲ್ಲ. ಬಿಪಿ? ಇಲ್ಲ. ದಿನಾ ತೆಗೆದುಕೊಳ್ಳುವ ಔಷಧಿ? ಇಲ್ಲ. ಸಾಲಾಗಿ ಇಲ್ಲ, ಇಲ್ಲ, ಇಲ್ಲ. ಕೊನೆಕೊನೆಗೆ ಗುರುತು ಹಾಕುವಾಗ ಪ್ರಶ್ನೆ ಓದಿಯೇ ಇಲ್ಲ ಅನ್ನುವಷ್ಟು ಅವಸರ ಕಾಣುತ್ತಿತ್ತು.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಇರುತ್ತದೆ. ಕ್ಲೇಮ್ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಇವರದರಲ್ಲಿ ಹೀಗಿತ್ತು: "ಕೆ/ಸಿ/ಒ ಡಿಎಂ, 8 ವರ್ಷ." ಅಂದರೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಿರುವ ರೋಗಿ. ಬರೆದದ್ದು ಡಾಕ್ಟರು, ಹೇಳಿದ್ದು ಸ್ವತಃ ಅಪ್ಪ. ಎದೆನೋವಿನಲ್ಲಿ ಮಲಗಿರುವಾಗ ಡ್ಯೂಟಿ ಡಾಕ್ಟರ್ ಕೇಳಿದರೆ ಯಾರು ತಾನೇ ಮುಚ್ಚಿಡುತ್ತಾರೆ?

ಕ್ಲೇಮ್ ತಿರಸ್ಕೃತವಾಯಿತು. ಮಗ ಆಫೀಸಿಗೆ ಬಂದ. ಕೂಗಾಡಲಿಲ್ಲ. "ಅಪ್ಪ ಬೆಳಗ್ಗೆ ಒಂದು ಮಾತ್ರೆ ತಗೋತಾರೆ ಅಂತ ಗೊತ್ತಿತ್ತು ಮೇಡಂ. ಗ್ಯಾಸ್‌ಗೆ ಅಂದ್ಕೊಂಡಿದ್ದೆ" ಅಂದ. ನಾನು ನಂಬಿದೆ. ನಾನು ನಂಬಿದ್ದರಿಂದ ಅವನಿಗೇನೂ ಉಪಯೋಗವಾಗಲಿಲ್ಲ.

ಜನ ಇಲ್ಲೊಂದು ತಪ್ಪು ಲೆಕ್ಕ ಹಾಕುತ್ತಾರೆ. ಶುಗರ್ ಇದೆ ಅಂತ ಬರೆದಿದ್ದರೆ ಆ ಸ್ಟೆಂಟಿನ ದುಡ್ಡು ಸಿಗುತ್ತಿತ್ತಾ? ಬಹುಶಃ ಇಲ್ಲ, ಹಳೇ ಕಾಯಿಲೆಯ ವೇಟಿಂಗ್ ಪೀರಿಯಡ್, ಅಂದರೆ ಅದರ ಖರ್ಚು ಸಿಗುವ ಮೊದಲು ಕಾಯಬೇಕಾದ ಅವಧಿ, ಇನ್ನೂ ಮುಗಿದಿರಲಿಲ್ಲ. ಆದರೆ ಪಾಲಿಸಿ ಉಳಿಯುತ್ತಿತ್ತು. ಮುಂದಿನ ವರ್ಷಗಳಿಗೆ ಆಸರೆ ಇರುತ್ತಿತ್ತು. ಅವರಿಗೆ ಕ್ಲೇಮೂ ಹೋಯಿತು, ಪಾಲಿಸಿಯೂ ರದ್ದಾಯಿತು. 64 ವರ್ಷ, ಸ್ಟೆಂಟ್, ಶುಗರ್, ಮೇಲೆ ಒಂದು ರದ್ದಾದ ಪಾಲಿಸಿ. ಹೊಸದಾಗಿ ಯಾರು ಕೊಡುತ್ತಾರೆ?

ಇರುವ ಕಾಯಿಲೆ ಮುಚ್ಚಿಡಬಾರದು ಅನ್ನುವ ಈ ನಿಯಮ ಯಾರೋ ಕಂಪನಿಯವರು ನಿನ್ನೆ ಮೊನ್ನೆ ಕಟ್ಟಿದ್ದಲ್ಲ. 1766ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಟರ್ ಮತ್ತು ಬೋಮ್ ನಡುವೆ ಒಂದು ಮೊಕದ್ದಮೆ ನಡೆಯಿತು. ಸುಮಾತ್ರಾದ ಒಂದು ಕೋಟೆಗೆ ಮಾಡಿಸಿದ್ದ ವಿಮೆಯ ಜಗಳ. ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವನು ಮುಚ್ಚಿಡಬಾರದು ಅಂತ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದು ಅದರಲ್ಲೇ. ತಮಾಷೆ ಅಂದರೆ ಆ ಕೇಸಿನಲ್ಲಿ ಸೋತದ್ದು ವಿಮೆ ಕೊಟ್ಟವನು. ತಾನೇ ತಿಳಿದುಕೊಳ್ಳಬಹುದಾಗಿದ್ದ ವಿಷಯವನ್ನು ಆಮೇಲೆ ನೆಪ ಮಾಡಿಕೊಳ್ಳುವ ಹಾಗಿಲ್ಲ ಅಂತಾಯಿತು. ನಮ್ಮ ಟ್ರೈನಿಂಗ್‌ನಲ್ಲಿ ಮೊದಲ ಅರ್ಧವನ್ನು ಮಾತ್ರ ಒತ್ತಿ ಹೇಳುತ್ತಿದ್ದರು. ಎರಡನೇ ಅರ್ಧ ನಾನು ಓದಿ ತಿಳಿದದ್ದು.

ಹಿರಿಯರ ಜೊತೆ ಮಾತಾಡುವಾಗ ಕಷ್ಟವಾಗುವುದು ಪ್ರೀಮಿಯಂ ವಿಷಯ ಬಂದಾಗ. "ವಯಸ್ಸಾಗಿದ್ದೇ ತಪ್ಪಾ?" ಅಂತ ಒಬ್ಬ ಯಜಮಾನರು ಕೇಳಿದ್ದರು. ವಯಸ್ಸಾದ ಮೇಲೆ ಕಾಯಿಲೆ ಜಾಸ್ತಿ, ಅದು ಅವರಿಗೂ ಗೊತ್ತು. ಆದರೆ ಅಷ್ಟೇ ಅಲ್ಲ. ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಮಾರುಕಟ್ಟೆ ಬಗ್ಗೆ ಒಂದು ಲೇಖನ ಬರೆದರು. 65 ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದು ಯಾಕೆ ಕಷ್ಟ ಅಂತ ಅದರಲ್ಲೇ ವಿವರಿಸಿದ್ದಾರೆ. ತನಗೆ ಕಾಯಿಲೆ ಬರಬಹುದು ಅಂತ ಗೊತ್ತಿರುವವನು ಎಷ್ಟೇ ದುಬಾರಿಯಾದರೂ ಪಾಲಿಸಿ ಕೊಳ್ಳುತ್ತಾನೆ. ಗಟ್ಟಿಮುಟ್ಟಾಗಿರುವವನು "ಇಷ್ಟು ಕೊಟ್ಟು ಯಾಕೆ" ಅಂತ ಬಿಡುತ್ತಾನೆ. ಉಳಿದವರಲ್ಲಿ ಕಾಯಿಲೆಯವರೇ ಹೆಚ್ಚು. ಬೆಲೆ ಮತ್ತೆ ಏರುತ್ತದೆ, ಮತ್ತಷ್ಟು ಗಟ್ಟಿಗರು ಬಿಡುತ್ತಾರೆ. ಇಂಥ ಕೆಲಸಕ್ಕೇ ಅವರಿಗೆ 2001ರಲ್ಲಿ ನೊಬೆಲ್ ಬಂತು. ಯಜಮಾನರಿಗೆ ಇದನ್ನು ಹೇಳಿದೆ. "ಅಂದ್ರೆ ಗಟ್ಟಿಯಾಗಿದ್ದಾಗಲೇ ಸೇರಬೇಕಿತ್ತು ಅನ್ನಿ" ಅಂದರು. ಹೌದು, ಅಷ್ಟೇ. ಸರ್ಕಾರಗಳೂ ಈ ಗಂಟನ್ನು ಬಿಡಿಸಿದ್ದು ಎಲ್ಲರನ್ನೂ ಒಟ್ಟಿಗೆ ಸೇರಿಸಿಯೇ. ಜರ್ಮನಿ 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆ ವಿಮೆ ತಂದಿತು. ಅಮೆರಿಕ 1965ರಲ್ಲಿ 65 ದಾಟಿದವರಿಗೆ ಅಂತಲೇ ಮೆಡಿಕೇರ್ ತಂದಿತು. ಹಾಗಾಗಿ ಹಿರಿಯರು ಬಂದರೆ ನಾನು ಮೊದಲು ನೋಡುವುದು ಅವರಿಗೆ ಸರ್ಕಾರದ ಯೋಜನೆ ಏನಾದರೂ ಅನ್ವಯಿಸುತ್ತಾ ಅಂತ. ಖಾಸಗಿ ಪಾಲಿಸಿ ಅದು ಮುಟ್ಟದ ಕಡೆಗೆ.

ಕಂಪನಿ ಕೆಲಸದಲ್ಲಿರುವವರ ಕಥೆ ಇದಕ್ಕೆ ತಿರುಗುಮುರುಗು. "ನಮ್ಮ ಆಫೀಸಿನವರು ಏನೂ ಕೇಳದೇ ಕೊಟ್ಟರು, ನೀವು ಮಾತ್ರ ಇಷ್ಟೊಂದು ಕೇಳ್ತೀರಾ" ಅನ್ನುತ್ತಾರೆ. ಕೇಳದಿರಲು ಕಾರಣ ಇದೆ. ಆ ಗುಂಪು ಕಟ್ಟಿಕೊಂಡಿದ್ದು ಕೆಲಸಕ್ಕಾಗಿ, ವಿಮೆಗಾಗಿ ಅಲ್ಲ. ಅದರಲ್ಲಿ ಗಟ್ಟಿಗರೂ ಇರುತ್ತಾರೆ, ಕಾಯಿಲೆಯವರೂ ಇರುತ್ತಾರೆ. 1929ರಲ್ಲಿ ಅಮೆರಿಕದ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಶಾಲಾ ಮೇಷ್ಟ್ರುಗಳ ಗುಂಪಿಗೆ ಇಂಥದೇ ಏರ್ಪಾಡು ಮಾಡಿತ್ತು. ತಿಂಗಳಿಗೆ 50 ಸೆಂಟ್ ಕೊಟ್ಟರೆ ಆಸ್ಪತ್ರೆಯಲ್ಲಿ 21 ದಿನದ ಆರೈಕೆ. ಗುಂಪಿನ ಬಲ ಅದು. ಆದರೆ ಗುಂಪಿನಿಂದ ಹೊರಗೆ ಬಂದ ದಿನ ಆ ಬಲವೂ ಹೋಗುತ್ತದೆ. ನಿವೃತ್ತಿಯಾದ ಮಾರನೇ ವಾರ ನನ್ನ ಹತ್ತಿರ ಬಂದವರು ಎಷ್ಟು ಜನ! ಮೂವತ್ತು ವರ್ಷ ವಿಮೆ ಇತ್ತು, ಈಗ ಹೊಸಬರ ಸಾಲಿನಲ್ಲಿ ನಿಂತಿದ್ದಾರೆ. ಕೆಲಸ ಬಿಡುವ ಮೊದಲೇ "ಇದನ್ನು ನನ್ನ ಹೆಸರಿಗೆ ಮುಂದುವರಿಸಬಹುದಾ?" ಅಂತ ಕೇಳಿ. ಕೆಲವು ಕಡೆ ಆಗುತ್ತದೆ, ಆದರೆ ಅದಕ್ಕೆ ಗಡುವು ಇರುತ್ತದೆ. ಆಗುವುದಿಲ್ಲ ಅಂದರೆ ನಿಮ್ಮದೇ ಒಂದು ಸಣ್ಣ ಪಾಲಿಸಿ ನಲವತ್ತರ ಆಸುಪಾಸಿನಲ್ಲೇ ಶುರು ಮಾಡಿ. ವೇಟಿಂಗ್ ಪೀರಿಯಡ್ ಅದರ ಪಾಡಿಗೆ ಅದು ಸವೆಯುತ್ತಿರುತ್ತದೆ.

ಈಗ ನನ್ನ ತಪ್ಪಿನ ವಿಷಯ. ಈ ಕಡೆ ಬಂದ ಮೊದಲ ವರ್ಷ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ಅಪ್ಪ ಅಮ್ಮ. ಆರೂ ಜನಕ್ಕೆ ಒಂದೇ ಫ್ಯಾಮಿಲಿ ಫ್ಲೋಟರ್ ಮಾಡಿಸಿಕೊಟ್ಟೆ. ಒಂದೇ ಪಾಲಿಸಿ, ಒಂದೇ ದಿನ ರಿನ್ಯೂವಲ್, ತಲೆನೋವಿಲ್ಲ ಅಂತ ನಾನೇ ಹೇಳಿದ್ದೆ. ಫ್ಲೋಟರ್ ಅಂದರೆ ಎಲ್ಲರಿಗೂ ಸೇರಿ ಒಂದೇ ಕೊಡ. ಯಾರು ಬೇಕಾದರೂ ಮೊಗೆದುಕೊಳ್ಳಬಹುದು. ಆ ವರ್ಷ ಮಾವನವರಿಗೆ ಬೈಪಾಸ್ ಆಯಿತು. ಕೊಡದಲ್ಲಿದ್ದ ನೂರರಲ್ಲಿ ಎಂಬತ್ತು ಪಾಲು ಅಲ್ಲೇ ಖಾಲಿ. ಎರಡು ತಿಂಗಳಾದ ಮೇಲೆ ಸೊಸೆಗೆ ಗರ್ಭಕೋಶದ ಆಪರೇಷನ್, ಮೂವತ್ತೈದು ಬೇಕಿತ್ತು. ಇದ್ದದ್ದು ಇಪ್ಪತ್ತು. ಆಕೆ ನನಗೆ ಫೋನ್ ಮಾಡಿ, "ನನ್ನ ಪಾಲು ಎಲ್ಲಿ ಹೋಯ್ತು?" ಅಂದಳು. ಆಕೆಗೆ ಬೇರೆ ಪಾಲು ಅನ್ನೋದೇ ಇರಲಿಲ್ಲ. ಅದನ್ನು ನಾನು ಮೊದಲೇ ಬಿಡಿಸಿ ಹೇಳಿರಲಿಲ್ಲ.

ಇನ್ನೊಂದು ಆಮೇಲೆ ಹೊಳೆಯಿತು. ಇಂಥ ಫ್ಲೋಟರ್‌ಗಳಲ್ಲಿ ಪ್ರೀಮಿಯಂ ಲೆಕ್ಕ ಸಾಮಾನ್ಯವಾಗಿ ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ಆರು ವರ್ಷದ ಮಗು ಅಜ್ಜನ ವಯಸ್ಸಿನ ಜೊತೆ ತೂಗುತ್ತಿತ್ತು. ಈಗ ನಾನು ಅಪ್ಪ ಅಮ್ಮನನ್ನು ಬೇರೆ ಮಾಡಿಸುತ್ತೇನೆ, ಆದಷ್ಟೂ ಒಬ್ಬೊಬ್ಬರಿಗೂ ಒಂದೊಂದು. ಗಂಡ ಹೆಂಡತಿ ಮಕ್ಕಳಿಗೆ ಫ್ಲೋಟರ್ ಚೆನ್ನಾಗಿಯೇ ಹೊಂದುತ್ತದೆ. ಚಿಕ್ಕ ವಯಸ್ಸಿನ ನಾಲ್ಕೂ ಜನ ಒಂದೇ ವರ್ಷ ಮಲಗುವುದು ಅಪರೂಪ. ಒಂಟಿಯಾಗಿರುವವರಿಗೆ ಈ ತಲೆಬಿಸಿಯೇ ಇಲ್ಲ. ಅವರು ಬೇಗ ಶುರು ಮಾಡಿದರೆ ಸಾಕು.

ಯಾವ ಪಾಲಿಸಿ ಒಳ್ಳೇದು ಅಂತ ಕೇಳಿದರೆ ನಾನು ಒಂದು ಹಾಳೆ ತೆಗೆದು ಸುಮ್ನೆ ಒಂದು ಬಿಲ್ ಬರೆಯುತ್ತೇನೆ. ನಾಲ್ಕು ದಿನ ಆಸ್ಪತ್ರೆ. ರೂಮಿಗೆ ದಿನಕ್ಕೆ 100, ಒಟ್ಟು 400. ಡಾಕ್ಟರು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 800. ಔಷಧಿ 300. ಒಟ್ಟು 1500. ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ದಿನಕ್ಕೆ 50 ಅಂತಿಟ್ಟುಕೊಳ್ಳಿ. ಕೈಯಿಂದ ಎಷ್ಟು ಹೋಗುತ್ತೆ? ಎಲ್ಲರೂ 200 ಅನ್ನುತ್ತಾರೆ. ರೂಮಿನ ವ್ಯತ್ಯಾಸ ಅಷ್ಟೇ ಅಲ್ವಾ ಅಂತ.

ಮಿತಿ ಇರುವ ಎಷ್ಟೋ ಪಾಲಿಸಿಗಳಲ್ಲಿ ಹಾಗಲ್ಲ. ಮಿತಿಗಿಂತ ಎರಡರಷ್ಟು ಬಾಡಿಗೆಯ ರೂಮು ತೆಗೆದುಕೊಂಡರೆ ಡಾಕ್ಟರು, ಥಿಯೇಟರ್ ಖರ್ಚೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಯುತ್ತದೆ. ರೂಮು ದೊಡ್ಡದಾದಂತೆ ಡಾಕ್ಟರ ಫೀಸೂ ಏರುತ್ತದೆ ಅನ್ನೋದು ಅದರ ಹಿಂದಿನ ತರ್ಕ. ಹಾಗಾಗಿ ರೂಮಿಗೆ 200, ಉಳಿದದ್ದಕ್ಕೆ 400, ಔಷಧಿ ಪೂರ್ತಿ 300. ಸಿಗುವುದು 900. ಈಗ ಹಿರಿಯರ ಪಾಲಿಸಿಗಳಲ್ಲಿ ಆಗಾಗ ಕಾಣುವ ಕೋ-ಪೇ, ಅಂದರೆ ಸಿಗುವುದರಲ್ಲೂ ನೀವು ಹೊರಬೇಕಾದ ಪಾಲು, 20% ಅಂದುಕೊಳ್ಳಿ. 900ರಲ್ಲಿ 180 ನಿಮ್ಮದು. ಕೊನೆಗೆ ಕಂಪನಿ ಕೊಡುವುದು 720, ನೀವು ಕೊಡುವುದು 780. ವಿಮೆ ಇದ್ದೂ ಅರ್ಧಕ್ಕಿಂತ ಜಾಸ್ತಿ ನಿಮ್ಮ ಜೇಬಿಂದ. ಎದುರಿಗಿದ್ದವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ಕೂಡಿಸಿ ನೋಡುತ್ತಾರೆ. ಆಗ ಮಾತ್ರ ಎರಡು ಪಾಲಿಸಿಗಳ ಪ್ರೀಮಿಯಂ ವ್ಯತ್ಯಾಸಕ್ಕೆ ಒಂದು ಅರ್ಥ ಬರುತ್ತದೆ.

ಡಿಡಕ್ಟಿಬಲ್‌ಗೂ ಇದೇ ಹಾಳೆ. ಮೊದಲ 50 ನಿಮ್ಮದು, ಆಮೇಲಿನದು ನಮ್ಮದು ಅನ್ನುವ ಪಾಲಿಸಿ ಅಗ್ಗ. ಆದರೆ ಆ 50 ಪ್ರತಿ ಸಲಕ್ಕಾ, ಇಡೀ ವರ್ಷಕ್ಕಾ? ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿ ಪ್ರತಿ ಸಲ 40 ಖರ್ಚಾದರೆ, 'ಪ್ರತಿ ಸಲಕ್ಕೆ' ಅನ್ನುವ ಪಾಲಿಸಿಯಲ್ಲಿ ಬಿಡಿಗಾಸೂ ಬರುವುದಿಲ್ಲ. 'ಇಡೀ ವರ್ಷಕ್ಕೆ' ಅನ್ನುವುದರಲ್ಲಿ 70 ಬರುತ್ತದೆ. ವ್ಯತ್ಯಾಸ ಒಂದೇ ಪದದಲ್ಲಿರುತ್ತದೆ. ಡಯಾಲಿಸಿಸ್, ಕೀಮೋ ಥರ ಪದೇ ಪದೇ ಹೋಗಬೇಕಾದ ಚಿಕಿತ್ಸೆಗೆ ಆ ಪದವೇ ಎಲ್ಲ.

ಇನ್ನೊಂದು ವಿಷಯ, ಇದನ್ನು ಹೇಳುವಾಗ ಮಕ್ಕಳ ಮುಖ ಬಾಡುತ್ತದೆ. ಆರೋಗ್ಯ ವಿಮೆ ಹೆಚ್ಚಾಗಿ ಚಿಕಿತ್ಸೆಗೆ. ಹಾಸಿಗೆ ಹಿಡಿದ ಅಮ್ಮನನ್ನು ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು ಮನೆಗೆ ಬರುವ ಆಯಾಳ ಖರ್ಚು ಅದರಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಅಮೆರಿಕದ ಮೆಡಿಕೇರ್ ಕೂಡ ದೀರ್ಘಕಾಲದ ಆ ಆರೈಕೆಯನ್ನು ನೋಡಿಕೊಳ್ಳುವುದಿಲ್ಲ. ಅದಕ್ಕೆ ಬೇರೆಯೇ ದುಡ್ಡು ಎತ್ತಿಡಿ ಅಂತ ಹೇಳುತ್ತೇನೆ. ಪಾಲಿಸಿ ಮಾರುವವಳು ಇದನ್ನು ಹೇಳಬೇಕಾ ಅಂತ ನಮ್ಮ ಮ್ಯಾನೇಜರ್ ಒಮ್ಮೆ ಹುಬ್ಬೇರಿಸಿದ್ದರು. ಕ್ಲೇಮ್ ಟೇಬಲ್‌ನಲ್ಲಿ ಕೂತಿದ್ದರೆ ಅವರೂ ಹೇಳುತ್ತಿದ್ದರು.

ಹೋದ ವಾರ ಒಬ್ಬ ಹುಡುಗ ಅಮ್ಮನ ಪಾಲಿಸಿಗೆ ಅಂತ ವಿಡಿಯೊ ಕಾಲ್ ಮಾಡಿದ್ದ. "ಅಮ್ಮಂಗೆ ಏನೂ ಇಲ್ಲ ಮೇಡಂ, ಸ್ವಲ್ಪ ಬಿಪಿ ಅಷ್ಟೇ." ಡಬ್ಬಿ ತರಿಸಿ ಅಂದೆ. ವಾರದ ಏಳು ಗೂಡಿನ ಪ್ಲಾಸ್ಟಿಕ್ ಡಬ್ಬಿ ಬಂತು. ಒಂದೊಂದೇ ಸ್ಟ್ರಿಪ್ ಕ್ಯಾಮೆರಾಕ್ಕೆ ಹಿಡಿದ, ನಾನು ಹೆಸರು ಬರೆದುಕೊಂಡೆ. ಬಿಪಿಗೆ ಎರಡು, ಥೈರಾಯ್ಡ್‌ಗೆ ಒಂದು. "ಥೈರಾಯ್ಡಾ?" ಅಂತ ಅವನೇ ತಿರುಗಿ ನೋಡಿದ. ಇಷ್ಟೇ ತಾನೇ ಅಂತ ಫಾರ್ಮ್ ಕಡೆ ಕೈ ಹಾಕಿದೆ. ಹಿಂದಿನಿಂದ ಅಮ್ಮನ ದನಿ ಬಂತು: "ದಿಂಬಿನ ಪಕ್ಕ ಇರೋದೊಂದು ಬಿಟ್ಟೆ ನೋಡೋ. ರಾತ್ರಿ ತಗೊಳ್ಳೋದು. ಅದು ಇವನಿಗೆ ಗೊತ್ತಿಲ್ಲ."