ಉಬ್ಬು ಹತ್ತುವ ವೇಗ

ತೀರ್ಥಹಳ್ಳಿಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಮಳೆಗಾಲದಲ್ಲಿ ಕೆಲಸ ಕಡಿಮೆ. ಮಳೆ ನಿಂತು ಅಡಿಕೆ ತೋಟಗಳಿಗೆ ನೀರು ಹಾಯಿಸುವ ಕಾಲ ಬಂತೆಂದರೆ ಬಾಗಿಲ ಮುಂದೆ ಸುಟ್ಟ ಮೋಟಾರುಗಳ ಸಾಲು. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಸುಟ್ಟಿರುವುದು ಒಂದೇ ಬಗೆಯಲ್ಲಿ. ವೋಲ್ಟೇಜ್ ಬಿದ್ದಿರಲಿ, ಪಂಪಿನೊಳಗೆ ನೀರು ದೂಡುವ ಇಂಪೆಲ್ಲರಿಗೆ ಮರಳು ಸಿಕ್ಕಿರಲಿ, ಬೇರಿಂಗ್ ಹಿಡಿದಿರಲಿ, ತಿರುಗಬೇಕಾದ ವೇಗದಲ್ಲಿ ತಿರುಗಲಾಗದ ಮೋಟಾರು ಮಿತಿಮೀರಿ ಕರೆಂಟು ಎಳೆಯುತ್ತದೆ. ತಂತಿ ಕಾದು ವಾರ್ನಿಷ್ ಕರಕಲಾಗುತ್ತದೆ. ಕರೆಂಟು ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ಈ ಲೆಕ್ಕವನ್ನು ನಾನು ಪುಸ್ತಕಕ್ಕಿಂತ ಮೊದಲು ಮೂಗಿನಿಂದ ಕಲಿತೆ.

ಆದ್ದರಿಂದಲೇ ಅಕ್ಕನ ಮಗ ತನ್ನ ಮೌಂಟನ್ ಬೈಕಿಗೆ, ಎಂದರೆ ಗೇರಿನ ಸೈಕಲ್ಲಿಗೆ, ಮೋಟಾರು ಹಾಕಿಕೊಡಿ ಎಂದು ಬಂದಾಗ ನನ್ನ ತಲೆಗೆ ಮೊದಲು ಹೊಳೆದದ್ದು ವೇಗವಲ್ಲ, ಅವರ ಮನೆಗೆ ಹತ್ತುವ ಏರುದಾರಿ, ನಮ್ಮ ಮಾತಿನಲ್ಲಿ ಉಬ್ಬು. ಅಕ್ಕನ ಮನೆ ಗುಡ್ಡದ ನೆತ್ತಿಗೆ ಹತ್ತಿರ. ತೋಟ ಕೆಳಗಿನ ಕಣಿವೆಯಲ್ಲಿ, ಅದರಾಚೆ ಗದ್ದೆ ಬಯಲು, ಹಳ್ಳದ ದಂಡೆಯಲ್ಲಿ ಪಂಪ್‌ಮನೆ. ಪಂಪ್‌ಮನೆಯಿಂದ ಅಂಗಳಕ್ಕೆ ಸುಮಾರು 60 ಮೀಟರ್ ಏರು. ಜಂಬಿಟ್ಟಿಗೆಯ ಧರೆ ಕಡಿದು ಮಾಡಿದ ಸ್ವಂತ ದಾರಿ, ನಡುವೆ ಒಂದು ಕಡಿದಾದ ತಿರುವು. ಭಾವ ದಿನವೂ ಆ ದಾರಿಯನ್ನು ಹಲವು ಸಲ ಹತ್ತಿ ಇಳಿಯುತ್ತಾರೆ.

ಅಳಿಯ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೈಸ್ಕೂಲಿನಲ್ಲಿದ್ದಾಗ ಕೊಡಿಸಿದ ಬೈಕು ಅಟ್ಟದ ಕೆಳಗೆ ದೂಳು ಹಿಡಿಯುತ್ತಿತ್ತು. ಅದನ್ನು ಓಡಿಸಬೇಕು, ಜೋರಾಗಿಯೇ ಓಡಿಸಬೇಕು ಎಂಬುದು ಅವನ ಆಸೆ.

"ಮಾವ, ಹಿಂದಿನ ಚಕ್ರಕ್ಕೆ ಹಬ್ ಮೋಟಾರು ಕೂರಿಸಿದರೆ ಸಾಕಲ್ಲವೇ? ಚಕ್ರ ಬಿಚ್ಚಿ ಚಕ್ರ ಹಾಕುವ ಕೆಲಸ."

"ಶಿವಮೊಗ್ಗದಲ್ಲಾದರೆ ಸಾಕು ಕಣೋ. ವಿನೋಬನಗರದಿಂದ ಗೋಪಿ ವೃತ್ತಕ್ಕೆ ಹೋಗಿ ಬರುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿಯ ಉಬ್ಬಿಗೆ ಅದು ಬೇಡ."

ಚಕ್ರದ ನಡುವೆಯೇ ಕೂರುವ ಹಬ್ ಮೋಟಾರಿಗೆ ಬೈಕಿನ ಗೇರು ಸಿಗುವುದಿಲ್ಲ. ಚಕ್ರ ನಿಧಾನವಾದರೆ ಮೋಟಾರೂ ನಿಧಾನವಾಗಲೇಬೇಕು. ಕಡಿದಾದ ಏರಿನಲ್ಲಿ ಚಕ್ರ ತೆವಳುವಾಗ ಅದು ಮರಳು ಸಿಕ್ಕ ಪಂಪಿನಂತೆಯೇ ಕಷ್ಟಪಡುತ್ತದೆ: ಕರೆಂಟು ಪೂರ್ತಿ, ತಿರುಗುವುದು ಅರೆಬರೆ, ಉಳಿದದ್ದೆಲ್ಲ ಬಿಸಿ. ಪೆಡಲಿನ ಅಚ್ಚು ಇರುವಲ್ಲೇ ಕೂರುವ ಮಿಡ್ ಡ್ರೈವ್ ಮೋಟಾರಿನ ಸಂಗತಿ ಬೇರೆ. ಅದರ ಬಲ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಹಾಗಾಗಿ ಬೈಕಿನ ಎಲ್ಲ ಗೇರುಗಳೂ ಅದಕ್ಕೆ ದಕ್ಕುತ್ತವೆ. ಚಕ್ರ ನಿಧಾನವಾಗಿ ಹತ್ತುತ್ತಿದ್ದರೂ ಮೋಟಾರು ತನಗೆ ಹಿತವಾದ ವೇಗದಲ್ಲೇ ತಿರುಗುತ್ತಿರುತ್ತದೆ. ಅಳಿಯ ಒಪ್ಪಿದ. ಬಾಫಾಂಗ್ ಕಂಪನಿಯ 48 ವೋಲ್ಟಿನ, 1000 ವ್ಯಾಟಿನ ಮೋಟಾರು ತರಿಸಿದೆವು.

ಈ ಶಕ್ತಿಯ ಮೋಟಾರು ಹಾಕಿದ ಸೈಕಲ್ಲನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಮಾತ್ರ ನೋಂದಣಿ, ಲೈಸೆನ್ಸುಗಳ ತಂಟೆಯಿಲ್ಲ. ಅದನ್ನು ಮೀರಿದ್ದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ. ಅಳಿಯ ಸವಳಂಗ ರಸ್ತೆಯಲ್ಲಿ ಗೆಳೆಯರೆದುರು ಓಡಿಸುವ ಕನಸು ಕಂಡಿದ್ದ. ನಾನು ಖಂಡತುಂಡವಾಗಿ ಬೇಡವೆಂದೆ. ಈ ಬೈಕು ತೋಟದ್ದು, ಮನೆಯ ಗೇಟಿನೊಳಗೇ ಇರಬೇಕು ಎಂಬ ಷರತ್ತಿಗೆ ಅಕ್ಕನೂ ದನಿಗೂಡಿಸಿದಳು. ಆಮೇಲೆ ಕೆಲಸಕ್ಕೆ ಕೈಹಾಕಿದ್ದು.

ಕೆಲಸ ಹಿಡಿದ ಭಾನುವಾರ ಬೆಳಗಿನ ಬಹುಪಾಲನ್ನು ತಿಂದದ್ದು ಪೆಡಲ್ ಅಚ್ಚಿನ ಬೇರಿಂಗ್ ಹಿಡಿದಿಡುವ ಬಟ್ಟಲು, ನಾವು ಕಪ್ಪು ಎನ್ನುವುದು. ಮಲೆನಾಡಿನ ಮಳೆಯಲ್ಲಿ ನೆನೆದ ಬೈಕಿನಲ್ಲಿ ಮೊದಲು ಹಾಳಾಗುವ ಜಾಗ ಅದು. ನೀರು ಸೀಟಿನ ಕೊಳವೆಯೊಳಗೆ ಇಳಿದು ಅಲ್ಲಿ ಬಂದು ನಿಲ್ಲುತ್ತದೆ. ಎಡಗಡೆಯ ಕಪ್ಪು ಮಾಮೂಲಿನಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬಲಗಡೆಯದರ ಥ್ರೆಡ್ ಉಲ್ಟಾ, ಅದನ್ನು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ಬಿಚ್ಚುತ್ತಿದ್ದೇವೆಂದು ಇನ್ನಷ್ಟು ಬಿಗಿದು ಫ್ರೇಮಿನ ಥ್ರೆಡ್ಡನ್ನೇ ಕೆಡಿಸುತ್ತಾರೆ. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು ನೆನೆಸಿಟ್ಟಿದ್ದೆ. ಆದರೂ ಅದು ಜಗ್ಗಲಿಲ್ಲ. ಪಾನಾದ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಉದ್ದ ಮಾಡಿ, ಅಳಿಯ ಫ್ರೇಮನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಿರಲು ನಾನು ಒತ್ತಿದೆ. ಟಕ್ಕೆಂದು ಸದ್ದಾಯಿತು. ಅರ್ಧ ಸುತ್ತು ಬಂದಮೇಲೆ ಕೆಂಪು ತುಕ್ಕಿನ ನೀರು ಸಣ್ಣಗೆ ಸೋರಿ ನನ್ನ ಮುಂಗೈಗೆ ಇಳಿಯಿತು. ಒಳಗಿನ ಬಾಲುಗಳಲ್ಲಿ ಒಂದಕ್ಕೂ ಹೊಳಪಿರಲಿಲ್ಲ.

ಕೊಳವೆಯ ಒಳಮೈ ಒರೆಸಿ, ಗ್ರೀಸ್ ಸವರಿ ಮೋಟಾರಿನ ಅಚ್ಚನ್ನು ತೂರಿಸಿದೆವು. ಹತ್ತು ನಿಮಿಷವೂ ಬೇಕಾಗಲಿಲ್ಲ. ಎಡಗಡೆಯ ದೊಡ್ಡ ನಟ್ಟನ್ನು ಬಿಗಿದು, ನಟ್ಟಿನಿಂದ ಫ್ರೇಮಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದೆ. ಕಂಪನಕ್ಕೆ ಅದು ಸಡಿಲವಾಗುವ ಜಾತಿಯ ನಟ್ಟು. ಗೆರೆ ಮುರಿದು ಕಂಡರೆ ಬಿಗಿಯಬೇಕೆಂದು ಭಾವನಿಗೂ ತಿಳಿಯುತ್ತದೆ.

ಬ್ಯಾಟರಿಯನ್ನು ಮನೆಯಲ್ಲೇ ಕಟ್ಟೋಣ, ಸೆಲ್ಲುಗಳನ್ನು ಬಿಡಿಯಾಗಿ ತರಿಸೋಣ ಎಂದು ಅಳಿಯ ಹಟ ಹಿಡಿದಿದ್ದ. ನಾನು ಒಪ್ಪಿರಲಿಲ್ಲ. ಲಿಥಿಯಂ ಸೆಲ್ಲಿನ ವಿಷಯದಲ್ಲಿ ನನಗೆ ಭಯವಿದೆ, ಆ ಭಯ ಇರಬೇಕು ಎಂದೇ ನಂಬಿದ್ದೇನೆ. ನಮ್ಮ ಪ್ಯಾಕಿನಲ್ಲಿ ಒಂದರ ಹಿಂದೊಂದು ಸಾಲಾಗಿ 13 ಮೆಟ್ಟಿಲು, ಪ್ರತಿ ಮೆಟ್ಟಿಲಿನಲ್ಲೂ 5 ಸೆಲ್ಲುಗಳು ಪಕ್ಕಪಕ್ಕ, ಒಟ್ಟು 65. ತುಂಬಿದ ಸೆಲ್ಲು 4.2 ವೋಲ್ಟು, ಹಾಗಾಗಿ ಪೂರ್ತಿ ಚಾರ್ಜ್ ಆದಾಗ ಪ್ಯಾಕು 54.6 ತೋರಿಸಬೇಕು. ಅಷ್ಟು ಸೆಲ್ಲುಗಳನ್ನು ಒಂದೇ ಗುಣದವಾಗಿ ಆರಿಸಿ, ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿ ಜೋಡಿಸುವುದಕ್ಕೆ ಬೇರೆಯೇ ಕೈ ಬೇಕು. ಒಂದು ಸೆಲ್ಲು ಒಳಗೆ ಶಾರ್ಟ್ ಆದರೂ ಅದರ ಬೆಂಕಿ ಪಕ್ಕದ್ದಕ್ಕೆ ಹಬ್ಬುತ್ತದೆ. ಅಕ್ಕನ ಮನೆಯ ಅಟ್ಟದಲ್ಲಿ ವರ್ಷದ ಒಣಗಿದ ಅಡಿಕೆ ಇರುತ್ತದೆ. ರಕ್ಷಣೆಯ ಸರ್ಕ್ಯೂಟ್ ಇರುವ ಸಿದ್ಧ ಪ್ಯಾಕು ತರಿಸಿದೆವು. ಬೆಲೆ ಬೈಕಿನದಕ್ಕಿಂತ ಹೆಚ್ಚಾಯಿತು. ಚಾರ್ಜ್ ಮಾಡುವುದು ಕೊಟ್ಟಿಗೆಯ ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ, ಯಾರಾದರೂ ಎಚ್ಚರವಿರುವಾಗ ಮಾತ್ರ.

ಪ್ಯಾಕಿನ ಪೆಟ್ಟಿಗೆಯನ್ನು ಫ್ರೇಮಿನ ಕೆಳಗಿನ ಕೊಳವೆಗೆ ಕೂರಿಸಲು ಇರುವುದು ನೀರಿನ ಬಾಟಲಿಯ ಎರಡು ಸಣ್ಣ ಬೋಲ್ಟು. ಡಾಂಬರು ರಸ್ತೆಗೆ ಅದು ಸಾಕಾದೀತು. ಜಂಬಿಟ್ಟಿಗೆಯ ದಾರಿಯಲ್ಲಿ ನಾಲ್ಕೈದು ಕೆಜಿ ತೂಕ ದಿನವೂ ಕುಣಿದರೆ ಆ ಬೋಲ್ಟು ಫ್ರೇಮಿನಿಂದಲೇ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಎರಡು ಕ್ಲ್ಯಾಂಪು ಮಾಡಿದೆ. ಹಳೆಯ ಟ್ಯೂಬು ಕತ್ತರಿಸಿ, ಪಟ್ಟಿಗೂ ಕೊಳವೆಗೂ ನಡುವೆ ಇಟ್ಟು ಬಿಗಿದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಪೆಟ್ಟಿಗೆಯ ಜೊತೆ ಇಡೀ ಬೈಕೇ ಅಲುಗುವಂತಾದ ಮೇಲೆ ಸಮಾಧಾನವಾಯಿತು.

ಊಟ ಮುಗಿಸಿ ಬಂದು ವೈರುಗಳನ್ನು ಜೋಡಿಸಿದೆವು. ಡಿಸ್‌ಪ್ಲೇ ಹೊತ್ತಿತು, 54 ವೋಲ್ಟು ತೋರಿಸಿತು. ಥ್ರಾಟಲ್ ಒತ್ತಿದರೆ ಮೋಟಾರು ಮಾತ್ರ ಮೌನ. ಅಳಿಯನ ಮುಖ ಸಣ್ಣದಾಯಿತು. ನನಗೆ ಆಗ ಕೆಲಸದ ನಿಜವಾದ ಸುಖ ಶುರುವಾಯಿತು. ಬ್ರೇಕ್ ಹಿಡಿದಾಗ ಮೋಟಾರು ನಿಲ್ಲಬೇಕೆಂದು ಹಿಡಿಯ ಬಳಿ ಒಂದು ಸೆನ್ಸರು, ಅದರೆದುರು ಪುಟ್ಟ ಅಯಸ್ಕಾಂತ ಇರುತ್ತದೆ. ಎಡ ಸೆನ್ಸರಿನ ವೈರು ಕಳಚಿದೆ, ಮೋಟಾರು ಗುಂಯ್ ಎಂದಿತು. ಮತ್ತೆ ಜೋಡಿಸಿದೆ, ನಿಂತಿತು. ಅಯಸ್ಕಾಂತದ ಅಂಟು ಬಿಟ್ಟು ಅದು ಕೂದಲೆಳೆಯಷ್ಟು ಆಚೆ ಜಾರಿತ್ತು, ಸೆನ್ಸರು ಬ್ರೇಕ್ ಹಿಡಿದಿದೆ ಎಂದೇ ತಿಳಿದಿತ್ತು. "ವೈರು ಕಿತ್ತೇ ಇಟ್ಟರೆ ಓಡುತ್ತದಲ್ಲ ಮಾವ" ಎಂದ. ಓಡುತ್ತದೆ, ಆದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೂ ಮುಂದಕ್ಕೆ ದೂಡಬಹುದು. ಅಯಸ್ಕಾಂತವನ್ನು ಅದರ ಜಾಗಕ್ಕೆ ಅಂಟಿಸಿ, ಅದು ಒಣಗುವವರೆಗೆ ಇಬ್ಬರೂ ಕಾದೆವು. ಗೇರು ಬದಲಿಸುವಾಗ ಕ್ಷಣಹೊತ್ತು ಮೋಟಾರನ್ನು ತಡೆಯುವ ಇನ್ನೊಂದು ಸೆನ್ಸರನ್ನೂ ಹಾಕಿಸಿದ್ದೆ. ಅದಿಲ್ಲದಿದ್ದರೆ ಇಷ್ಟು ಬಲಕ್ಕೆ ಚೈನು ತುಂಡಾಗುತ್ತದೆ.

ಬಿಸಿಲು ಇಳಿಯುವ ಹೊತ್ತಿಗೆ ಬೈಕನ್ನು ತಳ್ಳಿಕೊಂಡು ಪಂಪ್‌ಮನೆಗೆ ಇಳಿದೆವು. ಮೊದಲ ಸವಾರಿ ನನ್ನದೇ. ಹಿಂದೆ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿದೆ, 34 ಹಲ್ಲಿನದು. ಮುಂದಿನದು 42. ಪೆಡಲಿನ ಅಚ್ಚು ನಿಮಿಷಕ್ಕೆ 90 ಸುತ್ತು ತಿರುಗಿದರೆ ಈ ಗೇರಿನಲ್ಲಿ ಗಂಟೆಗೆ 14 ಕಿಲೋಮೀಟರು ಎಂದು ಅಳಿಯ ಮೊದಲೇ ಲೆಕ್ಕ ಹಾಕಿದ್ದ. ಸಂಕ ದಾಟಿ, ತೋಟದ ಅಂಚು ಹಿಡಿದು ಉಬ್ಬಿಗೆ ಬಂದೆ. ಕಾಲು ಸುಮ್ಮನೆ ತಿರುಗುತ್ತಿತ್ತು. ಕಡಿದಾದ ತಿರುವಿನಲ್ಲಿ, ಭಾವನ ಜೀಪು ಕೂಡ ಮೊದಲ ಗೇರಿಗೆ ಬೀಳುವ ಜಾಗದಲ್ಲಿ, ಮೋಟಾರಿನ ದನಿ ಒಂದಿಷ್ಟೂ ಕುಗ್ಗಲಿಲ್ಲ. ಡಿಸ್‌ಪ್ಲೇಯಲ್ಲಿ 13, 14, ಮತ್ತೆ 13. ಅಂಗಳಕ್ಕೆ ಬಂದು ಇಳಿದವನೇ ಮೋಟಾರಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಕೈಯನ್ನು ಅಲ್ಲೇ ಇಟ್ಟುಕೊಂಡು ನಿಲ್ಲಬಹುದಾದಷ್ಟು ಬೆಚ್ಚಗೆ. ವೈಂಡಿಂಗ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಸಂತೋಷ ಯಾವುದಿದೆ!

ಖರ್ಚಾದ ವಿದ್ಯುತ್ತು ಎಷ್ಟು? ನಾನು ಮತ್ತು ಬೈಕು ಸೇರಿ ನೂರು ಕೆಜಿ. ಅದನ್ನು 60 ಮೀಟರ್ ಎತ್ತಲು 16 ವ್ಯಾಟ್ ಅವರ್ ಸಾಕು. ಮೋಟಾರು, ಚೈನು, ದಾರಿಯ ನಷ್ಟವನ್ನೆಲ್ಲ ಸೇರಿಸಿದರೂ 25ರ ಸುತ್ತಮುತ್ತ. ನಮ್ಮ ಪ್ಯಾಕಿನಲ್ಲಿ ಇರುವುದು ಸುಮಾರು 840. ಮೀಟರಿನ ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಭಾವನ ಹಲವು ದಿನಗಳ ಹತ್ತುವಿಕೆ ಮುಗಿಯುತ್ತದೆ.

ಹತ್ತುವುದಕ್ಕಿಂತ ಇಳಿಯುವುದರ ಬಗ್ಗೆ ನನಗೆ ಹೆಚ್ಚು ಚಿಂತೆಯಿತ್ತು. ಎತ್ತಿದ ಆ 16 ವ್ಯಾಟ್ ಅವರ್ ಇಳಿಯುವಾಗ ಎಲ್ಲಿಗಾದರೂ ಹೋಗಬೇಕಲ್ಲ. ಲಿಂಗನಮಕ್ಕಿಯ ನೀರು ಇಳಿದರೆ ಶರಾವತಿಯಲ್ಲಿ ವಿದ್ಯುತ್ ಆಗುತ್ತದೆ; ನಮ್ಮ ಬೈಕು ಇಳಿದರೆ ಮಿಡ್ ಡ್ರೈವಿನಲ್ಲಿ ಅದು ಬ್ಯಾಟರಿಗೆ ವಾಪಸು ಬರುವುದಿಲ್ಲ, ನಡುವೆ ಒಂದೇ ದಿಕ್ಕಿಗೆ ಬಲ ದಾಟಿಸುವ ಫ್ರೀವೀಲ್ ಇದೆ. ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಟ್ಟೆಯಲ್ಲಿ ಬಿಸಿಯಾಗುತ್ತದೆ. ಅದಕ್ಕಾಗಿಯೇ ಬೈಕಿನ ಜೊತೆ ಬಂದಿದ್ದ ಕೇಬಲ್ ಬ್ರೇಕು ಕಿತ್ತು, 180 ಮಿಲಿಮೀಟರ್ ತಟ್ಟೆಯ ಹೈಡ್ರಾಲಿಕ್ ಬ್ರೇಕು ಹಾಕಿಸಿದ್ದು. ಈ ಖರ್ಚು ಬೇಡವೆಂದು ಅಳಿಯ ತುಂಬಾ ವಾದಿಸಿದ್ದ. ಅಂಗಳದಿಂದ ಪಂಪ್‌ಮನೆಗೆ ಬ್ರೇಕ್ ಹಿಡಿದೇ ಇಳಿದು, ಹಳ್ಳದ ನೀರಿನಲ್ಲಿ ಬೆರಳದ್ದಿ ಮುಂದಿನ ತಟ್ಟೆಯ ಮೇಲೆ ಕೊಡವಿದೆ. ಹನಿ ಚುಂಯ್ ಎಂದು ಪುಟಿದು ಆವಿಯಾಯಿತು. ಅಳಿಯ ಬಗ್ಗಿ ನೋಡಿದ, ಮತ್ತೆ ಆ ಖರ್ಚಿನ ಮಾತೆತ್ತಲಿಲ್ಲ.

ಅವನ ಸರದಿ ಗದ್ದೆ ಬಯಲಿನಲ್ಲಿ. ಕೊಯ್ಲಾದ ಗದ್ದೆಯ ಪಕ್ಕದ ನೇರ ದಾರಿ. ಹೆಲ್ಮೆಟ್ ಬಿಗಿದು, 14 ಹಲ್ಲಿನ ಸಣ್ಣ ಚಕ್ರಕ್ಕೆ ಚೈನು ಇಳಿಸಿ ಹೊರಟ. ಬೆಳ್ಳಕ್ಕಿಗಳು ಎದ್ದವು. ಹಿಂತಿರುಗಿ ಬಂದಾಗ ಕಣ್ಣಲ್ಲಿ ನೀರು, ಬಾಯಿತುಂಬ ನಗು. "ನಲವತ್ತೊಂದು ಮಾವ!" ಎಂದ. ಅವನ ಸಂತೋಷ ನನಗೂ ಸಂತೋಷವೇ. ಆದರೆ ಆ ವೇಗಕ್ಕೆ ಬ್ಯಾಟರಿ ಇಳಿಯುವುದನ್ನು ಅವನಿಗೆ ಅಲ್ಲೇ ತೋರಿಸಿದೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟು. ಬಯಲಿನ ವೇಗಕ್ಕೆ ಸುರಿದದ್ದು ಗಾಳಿಗೆ ಹೋಗುತ್ತದೆ. ಅಲ್ಲಿ 41 ಬದಲು 25ರಲ್ಲಿ ಹೋದರೆ ನಮಗಾಗುವ ನಷ್ಟ ಒಂದೆರಡು ನಿಮಿಷ. ಉಬ್ಬಿನಲ್ಲಿ ಮನುಷ್ಯ ಇಳಿದು ತಳ್ಳುವ ವೇಗಕ್ಕೂ 14 ಕಿಲೋಮೀಟರಿಗೂ ಇರುವ ಅಂತರ ಮಾತ್ರ ಇಡೀ ದಿನದ ದಣಿವಿನದು. ಮಲೆನಾಡಿನಲ್ಲಿ ಬೈಕು ಕಟ್ಟುವವರು ಹಣವನ್ನು ಗೇರಿಗೆ, ಬ್ರೇಕಿಗೆ ಹಾಕಲಿ ಎಂದು ನಾನು ಹೇಳುವುದು ಇದಕ್ಕೇ.

ಕತ್ತಲಾಗುವ ಮುಂಚೆ ಭಾವ ಒಂದು ಸುತ್ತು ಹೊಡೆದರು. ಪಂಚೆ ಎತ್ತಿ ಕಟ್ಟಿಕೊಂಡು, ಯಾರ ಮಾತನ್ನೂ ಕೇಳದೆ, ಪಂಪ್‌ಮನೆಗೆ ಹೋಗಿ ಸ್ವಿಚ್ಚು ಹಾಕಿ ಬಂದರು. ಬಂದವರು ವೇಗದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಹಿಂದೆ ಒಂದು ಕ್ಯಾರಿಯರ್ ಆಗುತ್ತದೆಯೇ? ಬೋರ್ಡೋ ಔಷಧಿಯ ಕ್ಯಾನು ಇಡುವಂಥದ್ದು" ಎಂದು ಕೇಳಿದರು. ಕ್ಯಾನಿನ ನೀರು ತಿರುವಿನಲ್ಲಿ ತುಳುಕಿ ಬೈಕನ್ನು ಪಕ್ಕಕ್ಕೆ ಎಳೆಯುತ್ತದೆ, ಆದ್ದರಿಂದ ಹಿಂದಿನ ಚಕ್ರದ ಇಕ್ಕೆಲಗಳಲ್ಲಿ ತಗ್ಗಾಗಿ ತೂಗುವ ಎರಡು ಸಣ್ಣ ಕ್ಯಾನುಗಳಿಗೆ ಚೌಕಟ್ಟು ಮಾಡುವುದೆಂದು ಮಾತಾಯಿತು. ಆ ಔಷಧಿಯಲ್ಲಿರುವ ಮೈಲುತುತ್ತ ತಾಗಿದರೆ ಅಲ್ಯೂಮಿನಿಯಂ, ಕಬ್ಬಿಣ ಎರಡೂ ತಿಂದುಹೋಗುತ್ತವೆ, ಅದಕ್ಕೆ ಚೌಕಟ್ಟು ಕಬ್ಬಿಣದ್ದಾದರೂ ಮೇಲೆ ದಪ್ಪನೆ ಪೇಂಟು ಇರಲಿ ಎಂದಿದ್ದೇನೆ. ಅಳತೆ ಬರೆದುಕೊಂಡ ಚೀಟಿ ಅಳಿಯನ ಹತ್ತಿರ ಇದೆ. ಮಳೆಗಾಲಕ್ಕೆ ಮುಂಚೆ ವೆಲ್ಡಿಂಗ್ ಮುಗಿಸಬೇಕು.