ಪೌಲೇಟಾ: ತವರಿನ ಅಗ್ರ ಲೀಗ್ ಆಡದೆಯೇ ಯುಸೇಬಿಯೊ ದಾಖಲೆ ದಾಟಿದ ಫಾರ್ವರ್ಡ್

ಪೋರ್ಚುಗಲ್ ಫುಟ್ಬಾಲ್‌ನ ಫಾರ್ವರ್ಡ್‌ಗಳ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವರ ಮಾತು ಬಂದರೆ ಯುಸೇಬಿಯೊ, ಕ್ರಿಸ್ಟಿಯಾನೊ ರೊನಾಲ್ಡೊ ಎಂಬ ಎರಡು ಹೆಸರುಗಳಲ್ಲೇ ಚರ್ಚೆ ಮುಗಿದುಹೋಗುತ್ತದೆ. ಇವರಿಬ್ಬರ ನಡುವೆ ರಾಷ್ಟ್ರೀಯ ತಂಡದ ಗೋಲು ದಾಖಲೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಮೂರನೆಯವನೊಬ್ಬನ ಕೈಯಲ್ಲಿತ್ತು. ಪೆಡ್ರೊ ಮಿಗೆಲ್ ಕಾರೆಯ್ರೊ ರೆಜೆಂದೆಸ್, ಅಂದರೆ ಪೌಲೇಟಾ. 88 ಪಂದ್ಯ, 47 ಗೋಲು. ಇಷ್ಟೆಲ್ಲ ಮಾಡಿದವನು ಪೋರ್ಚುಗಲ್‌ನ ಅಗ್ರ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಬೆನ್ಫಿಕಾ, ಪೋರ್ಟೊ, ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್‌ಗಳಲ್ಲಿ ಯಾವುದರ ಹಿರಿಯರ ತಂಡಕ್ಕೂ ಸೇರದೆ ಆ ದೇಶದ ಒಂಬತ್ತನೇ ನಂಬರ್ ಅಂಗಿಯನ್ನು (ಮುಖ್ಯ ಗೋಲುಗಾರನ ಅಂಗಿ) ವರ್ಷಗಟ್ಟಲೆ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅಲ್ಲಿನ ಫುಟ್ಬಾಲ್ ಗೊತ್ತಿದ್ದವರಿಗೆ ಗೊತ್ತು.

ಹುಟ್ಟಿದ್ದು 1973ರ ಏಪ್ರಿಲ್ 28ರಂದು, ಅಜೋರಿಸ್ ದ್ವೀಪಸಮೂಹದ ಪೊಂಟಾ ಡೆಲ್ಗಾಡಾದಲ್ಲಿ. ಅಟ್ಲಾಂಟಿಕ್ ಸಾಗರದ ನಡುವಿನ ಈ ದ್ವೀಪಗಳಿಗೂ ಲಿಸ್ಬನ್‌ಗೂ ಸುಮಾರು 1,400 ಕಿಲೋಮೀಟರ್ ಅಂತರ. ಆಗ ಅಲ್ಲಿನ ಯಾವ ಕ್ಲಬ್ಬೂ ಅಗ್ರ ಲೀಗ್‌ನಲ್ಲಿರಲಿಲ್ಲ; ಸಾಂಟಾ ಕ್ಲಾರಾ ಮೊದಲ ಬಾರಿಗೆ ಆ ಮಟ್ಟ ಮುಟ್ಟಿದ್ದು 1999ರಲ್ಲಿ. ಹುಡುಗನಾಗಿದ್ದಾಗ ಪೋರ್ಟೊದ ಕಿರಿಯರ ತಂಡಕ್ಕೆ ಹೋದ ಪೌಲೇಟಾ ಮನೆಯ ನೆನಪು ತಡೆಯಲಾಗದೆ ದ್ವೀಪಕ್ಕೆ ಮರಳಿದ. ಆಮೇಲೆ ಸ್ಥಳೀಯ ಕ್ಲಬ್‌ಗಳಲ್ಲೇ ಆಡಿ, 22 ದಾಟಿದ ಮೇಲೆ 1995ರಲ್ಲಿ ಎರಡನೇ ದರ್ಜೆಯ ಎಸ್ಟೊರಿಲ್ ಸೇರಿದ. ದೊಡ್ಡ ಅಕಾಡೆಮಿಯಲ್ಲಿ ಬೆಳೆದವರು ಆ ವಯಸ್ಸಿಗೆ ನೂರು ಪಂದ್ಯ ಆಡಿ ಮುಗಿಸಿರುತ್ತಾರೆ.

ಅವನ ಹಾದಿ ತಿರುಗಿದ್ದರಲ್ಲಿ ಕಾನೂನಿನ ಪಾಲೂ ಇದೆ. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೋಸ್ಮನ್ ಪ್ರಕರಣದ ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರನ್ನು 'ವಿದೇಶಿ' ಎಂದು ಎಣಿಸಿ ಮಿತಿ ಹಾಕುವಂತಿಲ್ಲ ಎಂದಿತು. ಅದುವರೆಗೆ ಸ್ಪೇನ್‌ನ ಸಣ್ಣ ಕ್ಲಬ್ ತನ್ನ ವಿದೇಶಿ ಜಾಗವನ್ನು ಹೆಸರಿಲ್ಲದ ಪೋರ್ಚುಗೀಸನಿಗೆ ಕೊಡುವುದು ದುಬಾರಿ ಜೂಜಾಗಿತ್ತು. 1996ರ ಬೇಸಿಗೆಯಿಂದ ಆ ಲೆಕ್ಕವೇ ಇಲ್ಲವಾಯಿತು. ಗಡಿಗೆ ಹತ್ತಿರದ ಸಲಮಾಂಕಾ ಎರಡನೇ ದರ್ಜೆಯಲ್ಲಿತ್ತು, ಪೋರ್ಚುಗೀಸರ ಗುಂಪನ್ನೇ ಕರೆತಂದಿತು, ಅದರಲ್ಲಿ ಪೌಲೇಟಾ ಕೂಡ ಇದ್ದ. 1996-97ರಲ್ಲಿ 19 ಗೋಲು ಹೊಡೆದು ಆ ದರ್ಜೆಯಲ್ಲಿ ಅತಿ ಹೆಚ್ಚು ಗೋಲು ಬಾರಿಸಿದವನಾದ, ಸಲಮಾಂಕಾ ಮೇಲಿನ ದರ್ಜೆಗೆ ಏರಿತು. ಮರುವರ್ಷ ಸ್ಪೇನ್‌ನ ಅಗ್ರ ಲೀಗ್ ಲಾ ಲಿಗಾದಲ್ಲಿ 15 ಗೋಲು. ಅದೇ 1997ರ ಆಗಸ್ಟ್‌ನಲ್ಲಿ ಅರ್ಮೇನಿಯಾ ವಿರುದ್ಧ ರಾಷ್ಟ್ರೀಯ ತಂಡದ ಅಂಗಿಯೂ ಸಿಕ್ಕಿತು.

ಮುಂದೆ ಸ್ಪೇನ್‌ನದೇ ಡಿಪೋರ್ಟಿವೊ ಲಾ ಕೊರುನ್ಯಾದಲ್ಲಿ ಎರಡು ಋತು. 2000ರಲ್ಲಿ ಆ ಕ್ಲಬ್ ತನ್ನ ಇತಿಹಾಸದ ಮೊದಲ ಲೀಗ್ ಪ್ರಶಸ್ತಿ ಗೆದ್ದಾಗ ಅವನು ತಂಡದಲ್ಲಿದ್ದ. ಆದರೆ ತರಬೇತುದಾರ ಇರುರೆಟಾ ಮುಂದೆ ಒಬ್ಬನನ್ನೇ ನಿಲ್ಲಿಸುತ್ತಿದ್ದರು, ಆ ಒಬ್ಬ ರಾಯ್ ಮಕಾಯ್ ಆಗಿದ್ದ. 22 ಗೋಲು ಹೊಡೆಯುತ್ತಿರುವವನನ್ನು ಯಾರೂ ಬೆಂಚಿನಲ್ಲಿ ಕೂರಿಸುವುದಿಲ್ಲ. ಪೌಲೇಟಾ ಹೊರಡಲೇಬೇಕಿತ್ತು.

ಇಲ್ಲಿ ಸ್ವಲ್ಪ ನಿಂತು, ಅವನು ಗೋಲು ಹೊಡೆಯುತ್ತಿದ್ದುದು ಹೇಗೆ ಎಂದು ನೋಡಬೇಕು. ಎತ್ತರ 1.80 ಮೀಟರ್. ಉದ್ದದ ಚೆಂಡನ್ನು ಎದೆಯಲ್ಲಿ ಹಿಡಿದು ನಿಲ್ಲುವ ದೈತ್ಯನಲ್ಲ, ಮೂವರನ್ನು ದಾಟಿ ಹೋಗುವ ಡ್ರಿಬ್ಲರ್ ಕೂಡ ಅಲ್ಲ. ಅವನ ಕಸುಬು ಚೆಂಡು ಬರುವ ಮೊದಲಿನ ಎರಡು ಸೆಕೆಂಡಿನಲ್ಲಿ ಇತ್ತು.

ಮೊದಲ ಕೆಲಸ, ಡಿಫೆಂಡರ್‌ನ ಕಣ್ಣಿಗೆ ಬೀಳದಂತೆ ನಿಲ್ಲುವುದು. ಚೆಂಡು ಬಲಬದಿಯಲ್ಲಿದ್ದರೆ ಡಿಫೆಂಡರ್‌ನ ಮುಖ ಅತ್ತ ಇರುತ್ತದೆ. ಆಗ ಅವನ ಇನ್ನೊಂದು ಭುಜದ ಹಿಂದೆ ಒಂದೂವರೆ, ಎರಡು ಹೆಜ್ಜೆ ದೂರ ನಿಲ್ಲಬೇಕು. ಚೆಂಡನ್ನೂ ಎದುರಾಳಿಯನ್ನೂ ಒಟ್ಟಿಗೆ ನೋಡಲು ಅವನಿಗೆ ಆಗುವುದಿಲ್ಲ, ಪ್ರತಿ ಸಲ ಕತ್ತು ತಿರುಗಿಸಬೇಕು. ಕತ್ತು ಚೆಂಡಿನ ಕಡೆ ತಿರುಗಿದ ಕ್ಷಣವೇ ಓಟದ ಕ್ಷಣ. ಎರಡನೆಯದು, ಓಟ ಶುರುಮಾಡುವ ಸಮಯ. ಪಾಸ್ ಹೊರಟ ಮೇಲೆ ಓಡಿದರೆ ಚೆಂಡು ಗೋಲ್‌ಕೀಪರ್ ಕೈ ಸೇರುತ್ತದೆ. ಬಹಳ ಮೊದಲೇ ಓಡಿದರೆ ಆಫ್‌ಸೈಡ್ (ಪಾಸ್ ಹೊರಡುವಾಗಲೇ ಡಿಫೆನ್ಸ್ ಗೆರೆ ದಾಟಿದ ತಪ್ಪು), ಇಲ್ಲವೇ ಚೆಂಡು ಬರುವಾಗ ನಿಂತುಬಿಟ್ಟಿರಬೇಕಾಗುತ್ತದೆ, ನಿಂತವನನ್ನು ಹಿಡಿಯುವುದು ಸುಲಭ. ಪಾಸ್ ಕೊಡುವವನು ಚೆಂಡನ್ನು ಕಾಲಿನಿಂದ ಅರ್ಧ ಮೀಟರ್ ಮುಂದೆ ತಳ್ಳಿ ತಲೆ ಎತ್ತುತ್ತಾನಲ್ಲ, ಅದೇ ಸೂಚನೆ. ಆ ಕ್ಷಣಕ್ಕೆ ಡಿಫೆನ್ಸ್ ಗೆರೆಗೆ ಸಮಾನಾಂತರವಾಗಿ ಎರಡು ಮೂರು ಹೆಜ್ಜೆ ಅಡ್ಡ ಓಡಿ, ಚೆಂಡು ಕಾಲು ಬಿಟ್ಟಾಗ ಒಳಕ್ಕೆ ತಿರುಗುವುದು. ನೇರ ಓಟಕ್ಕಿಂತ ಈ ಬಾಗಿದ ಓಟದಲ್ಲಿ ಆಫ್‌ಸೈಡ್ ಆಗುವುದು ಕಡಿಮೆ. ತಿರುಗುವ ಹೊತ್ತಿಗೆ ಕಾಲಿಗೆ ವೇಗವೂ ಬಂದಿರುತ್ತದೆ.

ಕ್ರಾಸ್‌ಗೆ, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಬರುವ ಚೆಂಡಿಗೆ, ಬೇರೆ ವಿಧಾನ. ಮೊದಲು ದೂರದ ಗೋಲ್‌ಕಂಬದ ಕಡೆ ಎರಡು ಹೆಜ್ಜೆ, ಡಿಫೆಂಡರ್ ತೂಕ ಅತ್ತ ಹಾಕಿದ ಕೂಡಲೇ ಅವನ ಮುಂದಿನಿಂದ ಹತ್ತಿರದ ಕಂಬಕ್ಕೆ ಒಂದು ಚುರುಕು ಓಟ. ಸಿಗುವುದು ಅರ್ಧ ಮೀಟರ್ ಜಾಗ ಮಾತ್ರ. ಅಷ್ಟರಲ್ಲಿ ಚೆಂಡನ್ನು ನಿಲ್ಲಿಸಿ ಹೊಡೆಯುತ್ತೇನೆ ಅಂದರೆ ಆಗದು, ಒಂದೇ ಟಚ್‌ನಲ್ಲಿ ಅದರ ದಿಕ್ಕು ಬದಲಿಸಬೇಕು. ಕ್ರಾಸ್‌ನಲ್ಲಿ ವೇಗ ಇದ್ದೇ ಇರುತ್ತದೆ, ಆದ್ದರಿಂದ ಜೋರಾಗಿ ಬೀಸಬಾರದು. ಬೀಸಿದರೆ ದೇಹ ಹಿಂದಕ್ಕೆ ವಾಲಿ ಚೆಂಡು ಅಡ್ಡಪಟ್ಟಿಯ ಮೇಲೆ ಹೋಗುತ್ತದೆ. ಪೌಲೇಟಾನ ಗೋಲುಗಳಲ್ಲಿ ಎದೆ ಚೆಂಡಿನ ಮೇಲೆಯೇ ಇರುವುದನ್ನು ಗಮನಿಸಿ. ಎರಡು ಟಚ್‌ಗೆ ಸಮಯವಿದ್ದರೆ ಮೊದಲನೆಯದನ್ನು ಓಡಿಬರುತ್ತಿರುವ ಡಿಫೆಂಡರ್‌ನ ದಾರಿಗೆ ಅಡ್ಡ ಇಡುತ್ತಿದ್ದ. ಆಗ ಹಿಂದಿನವನ ಮುಂದೆ ಉಳಿಯುವುದು ಎರಡೇ: ನಿಧಾನಿಸುವುದು, ಇಲ್ಲವೇ ಡಿಕ್ಕಿ ಹೊಡೆದು ಪೆನಾಲ್ಟಿ ಕೊಡುವುದು.

ಈ ಕಸುಬಿಗೆ ಹೇಳಿಮಾಡಿಸಿದ ಜಾಗ ಫ್ರಾನ್ಸಿನ ಬೋರ್ಡೊ ಕ್ಲಬ್. 1999ರ ಫ್ರಾನ್ಸ್ ಚಾಂಪಿಯನ್ ತಂಡದಿಂದ ಸಿಲ್ವೆನ್ ವಿಲ್ಟೊ 2000ರ ಬೇಸಿಗೆಯಲ್ಲಿ ಆರ್ಸೆನಲ್‌ಗೆ ಹೋದ, ಖಾಲಿಯಾದ ಜಾಗಕ್ಕೆ ಪೌಲೇಟಾ ಬಂದ. ಮೊದಲ ಪಂದ್ಯದಲ್ಲೇ ನಾಂತ್‌ನ ಅಂಗಳದಲ್ಲಿ ಹ್ಯಾಟ್ರಿಕ್, ತಂಡಕ್ಕೆ 5-0 ಗೆಲುವು. ಮೂರು ಋತುಗಳ ಲೀಗ್ ಗೋಲುಗಳು ಹೀಗಿವೆ: 20, 22, 23. ಪ್ರತಿ ವರ್ಷವೂ ಏರಿದ ಈ ಸಾಲೇ ಅವನ ಸ್ವಭಾವ ಹೇಳುತ್ತದೆ. 2001-02ರಲ್ಲಿ ಜಿಬ್ರಿಲ್ ಸಿಸ್ಸೆಯೊಂದಿಗೆ ಅಗ್ರ ಗೋಲುಗಾರನ ಸ್ಥಾನ ಹಂಚಿಕೊಂಡ. 2002 ಮತ್ತು 2003ರಲ್ಲಿ ಸತತ ಎರಡು ಸಲ ಫ್ರೆಂಚ್ ಆಟಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ಪಡೆದ. ಗೋಲು ಬಿದ್ದಾಗ ಎರಡೂ ಕೈ ಚಾಚಿ ಹದ್ದಿನಂತೆ ಓಡುವ ಅವನ ಸಂಭ್ರಮವನ್ನು ಫ್ರಾನ್ಸಿನವರು ಇಂದಿಗೂ ಮರೆತಿಲ್ಲ.

2003ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ). ಇಂದಿನ ಶ್ರೀಮಂತ ಪಿಎಸ್‌ಜಿಯನ್ನು ಮನಸ್ಸಿನಿಂದ ತೆಗೆದಿಡಿ. ಆ ಬೇಸಿಗೆಯಲ್ಲಿ ರೊನಾಲ್ಡಿನ್ಯೊ ಬಾರ್ಸಿಲೋನಾಕ್ಕೆ ಹೋಗಿದ್ದ, ಕತಾರ್‌ನ ಹಣ ಬರಲು ಇನ್ನೂ ಎಂಟು ವರ್ಷ ಬಾಕಿ. ಮೊದಲ ಋತು ಚೆನ್ನಾಗಿತ್ತು: ಹಲಿಲ್ಹೋಜಿಚ್ ತರಬೇತಿಯಲ್ಲಿ ತಂಡ ಲಿಯಾನ್‌ಗಿಂತ ಮೂರೇ ಅಂಕ ಹಿಂದೆ ಎರಡನೇ ಸ್ಥಾನ ಪಡೆಯಿತು, ಫ್ರೆಂಚ್ ಕಪ್ ಫೈನಲ್‌ನಲ್ಲಿ ಶಾತೊರೂ ವಿರುದ್ಧದ ಏಕೈಕ ಗೋಲು ಪೌಲೇಟಾನದು. ಆಮೇಲೆ ಇಳಿಜಾರು. 2007ರಲ್ಲಿ 15ನೇ ಸ್ಥಾನ, 2008ರಲ್ಲಿ 16ನೇ ಸ್ಥಾನ. ಎರಡನೇ ದರ್ಜೆಗೆ ಜಾರದೆ ಉಳಿದದ್ದು ಕೊನೆಯ ದಿನ ಸೊಶೊ ಅಂಗಳದಲ್ಲಿ ಗೆದ್ದ ಮೇಲೆಯೇ. ಇಂಥ ತಂಡದಲ್ಲಿ 2005-06ರಲ್ಲಿ 21 ಗೋಲು ಹೊಡೆದು ಲೀಗ್‌ಗೇ ಮೊದಲಿಗನಾದದ್ದು ನನ್ನ ಲೆಕ್ಕದಲ್ಲಿ ಬೋರ್ಡೊದ 23ಕ್ಕಿಂತ ದೊಡ್ಡದು. ಕೆಳಗಿನ ತಂಡದ ಫಾರ್ವರ್ಡ್‌ಗೆ ಸಿಗುವ ಅವಕಾಶಗಳೇ ಕಡಿಮೆ, ಒಂದು ತಪ್ಪಿದರೆ ಇನ್ನೊಂದು ಬರುವ ಭರವಸೆ ಇರುವುದಿಲ್ಲ.

ಅವನ ಅತಿ ಪ್ರಸಿದ್ಧ ಗೋಲು 2004ರ ಏಪ್ರಿಲ್‌ನಲ್ಲಿ ಮಾರ್ಸೇಯ ವಿರುದ್ಧ ಬಂದದ್ದು. ಕೋನ ತೀರಾ ಕಿರಿದು, ಎದುರಿಗೆ ವಿಶ್ವಕಪ್ ಗೆದ್ದ ಗೋಲ್‌ಕೀಪರ್ ಬಾರ್ಟೆಜ್. ಅಂಥ ಕೋನದಲ್ಲಿ ಚೆಂಡು ಹಿಂದಕ್ಕೆ ಪಾಸ್ ಆಗುತ್ತದೆಂದು ಕೀಪರ್ ಊಹಿಸಿ ಗೆರೆಯಿಂದ ಸ್ವಲ್ಪ ಮುಂದೆ ಬರುವುದು ಸಹಜ. ಪೌಲೇಟಾ ಚೆಂಡಿನ ಬುಡಕ್ಕೆ ಕಾಲು ಸರಿಸಿ ಅವನ ತಲೆಯ ಮೇಲಿಂದ ಎತ್ತಿ ಹಾಕಿದ. ಈ ಹೊಡೆತದಲ್ಲಿ ಕಾಲನ್ನು ಹಿಂದಕ್ಕೆ ಬೀಸುವಂತಿಲ್ಲ, ಬೀಸಿದರೆ ಕೀಪರ್‌ಗೆ ಸುಳಿವು ಸಿಗುತ್ತದೆ. ಹೊಡೆದ ಮೇಲೂ ಕಾಲು ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲಬೇಕು, ಆಗಲೇ ಚೆಂಡು ಏರಿ ಬೇಗ ಇಳಿಯುತ್ತದೆ. ಕೀಪರ್‌ನ ತೂಕ ಮುಂದಿನ ಕಾಲಿಗೆ ಬಂದಿಲ್ಲದಿದ್ದರೆ ಇದೇ ಹೊಡೆತ ನೇರವಾಗಿ ಅವನ ಕೈಗೆ ಹೋಗುತ್ತದೆ.

ಪಿಎಸ್‌ಜಿಗೆ ಒಟ್ಟು 109 ಗೋಲು. ಡೊಮಿನಿಕ್ ರೊಶ್‌ಟೊನ 100ರ ದಾಖಲೆ ಮುರಿದ ಈ ಸಂಖ್ಯೆಯನ್ನು ಝ್ಲಾಟನ್ ಇಬ್ರಾಹಿಮೋವಿಚ್ ದಾಟಿದ್ದು 2015ರ ಅಕ್ಟೋಬರ್‌ನಲ್ಲಿ, ಅದೂ ಎಷ್ಟೋ ಬಲಿಷ್ಠ ತಂಡದೊಡನೆ. ಫ್ರಾನ್ಸ್ ಲೀಗ್‌ನಲ್ಲಿ ಎರಡೂ ಕ್ಲಬ್ ಸೇರಿ 141 ಗೋಲು.

ಇನ್ನು ರಾಷ್ಟ್ರೀಯ ತಂಡ. ವಾದ ಇರುವುದೆಲ್ಲ ಇಲ್ಲೇ. 2002ರ ವಿಶ್ವಕಪ್‌ನಲ್ಲಿ ಪೋಲೆಂಡ್ ವಿರುದ್ಧ 14, 65, 77ನೇ ನಿಮಿಷಗಳಲ್ಲಿ ಹ್ಯಾಟ್ರಿಕ್ ಹೊಡೆದ; ಪೋರ್ಚುಗಲ್ 4-0ರಿಂದ ಗೆದ್ದೂ ಮೊದಲ ಸುತ್ತಿನಲ್ಲೇ ಹೊರಬಿತ್ತು. 2004ರ ಯೂರೊ, ಅಂದರೆ ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ, ತವರಿನಲ್ಲೇ ನಡೆಯಿತು, ಅವನಿಗೆ ಒಂದೂ ಗೋಲಿಲ್ಲ. ಸ್ಪೇನ್ ವಿರುದ್ಧ ಅರ್ಧಾವಧಿಯಲ್ಲಿ ಅವನ ಬದಲಿಗೆ ಬಂದ ನೂನೊ ಗೋಮೆಸ್ ಗೆಲುವಿನ ಗೋಲು ಹೊಡೆದ. ಫೈನಲ್‌ನಲ್ಲಿ ಗ್ರೀಸ್ ವಿರುದ್ಧ 0-1 ಸೋಲು. ಅದರ ನಂತರದ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಅದೇ ಪೌಲೇಟಾ 11 ಗೋಲು ಹೊಡೆದು ಯುರೋಪಿಗೇ ಮೊದಲಿಗನಾದ. ಹಾಗಾದರೆ ಸಣ್ಣ ತಂಡಗಳ ಮೇಲಷ್ಟೇ ಆಡುವವನೇ?

ಈ ಟೀಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆ ಗುಂಪಿನಲ್ಲಿ ಲಿಕ್ಟನ್‌ಸ್ಟೈನ್, ಲಕ್ಸೆಂಬರ್ಗ್ ಇದ್ದವು. ಯುಸೇಬಿಯೊ 64 ಪಂದ್ಯದಲ್ಲಿ 41 ಹೊಡೆದದ್ದು ಪಂದ್ಯಕ್ಕೆ 0.64, ಪೌಲೇಟಾನದು 0.53. ದಾಖಲೆ ದಾಟಿದರೂ ಸರಾಸರಿಯಲ್ಲಿ ಯುಸೇಬಿಯೊ ಮುಂದೆಯೇ. ಆದರೆ 2004ರ ವೈಫಲ್ಯಕ್ಕೆ ಧೈರ್ಯದ ಕೊರತೆ ಕಾರಣ ಎನ್ನುವುದು ಆಟ ನೋಡದವರ ಮಾತು. ತರಬೇತುದಾರ ಒಟ್ಟೊ ರೆಹಾಗೆಲ್‌ನ ಗ್ರೀಸ್ ಹಳೆಯ ಕಾಲದ ಹಾಗೆ ಫಾರ್ವರ್ಡ್‌ಗೆ ಒಬ್ಬ ಕಾವಲುಗಾರನನ್ನು ಅಂಟಿಸಿ, ಹಿಂದೆ ಡಿಫೆಂಡರ್ ಡೆಲ್ಲಾಸ್‌ನನ್ನು ಬಿಡಿಯಾಗಿ ನಿಲ್ಲಿಸುತ್ತಿತ್ತು. ಮೇಲೆ ಹೇಳಿದ ಅಡ್ಡ ಓಟದಿಂದ ಕಾವಲುಗಾರನನ್ನು ತಪ್ಪಿಸಿಕೊಳ್ಳಬಹುದು, ಆದರೆ ಓಡಿ ಸೇರುವ ಜಾಗದಲ್ಲಿ ಡೆಲ್ಲಾಸ್ ಮೊದಲೇ ಇರುತ್ತಾನೆ. ಜೊತೆಗೆ ಪೋರ್ಚುಗಲ್ ಆಡುತ್ತಿದ್ದುದು ಒಬ್ಬನೇ ಸ್ಟ್ರೈಕರ್ ಇಟ್ಟು. ಫಿಗೊ, ರೊನಾಲ್ಡೊ ಬದಿಯಿಂದ ಒಳಕ್ಕೆ ಕತ್ತರಿಸಿ ತಾವೇ ಹೊಡೆಯಲು ಇಷ್ಟಪಡುವವರು, ಡೆಕೊ ಚೆಂಡನ್ನು ಕಾಲಲ್ಲಿ ಹಿಡಿದು ಯೋಚಿಸುವವನು. ವಿಂಗರ್ (ಬದಿಯಲ್ಲಿ ಆಡುವವನು) ತಲೆ ಎತ್ತಿದಾಗ ಓಡುವುದೇ ಪೌಲೇಟಾನ ಆಟ. ತಲೆ ಎತ್ತಿದವನು ಚೆಂಡು ಬಿಡದೆ ಇನ್ನೊಂದು ಹೆಜ್ಜೆ ಹಾಕಿದರೆ ಆ ಓಟ ವ್ಯರ್ಥ, ವಾಪಸ್ ಬಂದು ಮತ್ತೆ ಮೊದಲಿನಿಂದ ಶುರುಮಾಡಬೇಕು. ಎದುರಾಳಿ ತನ್ನ ಗೋಲಿನ ಮುಂದಿನ ಬಾಕ್ಸ್ ಒಳಗೇ ಗುಂಪಾಗಿ ನಿಂತರೆ ಹಿಂದೆ ಓಡಲು ಜಾಗವೇ ಉಳಿಯುವುದಿಲ್ಲ.

ವಿಂಗರ್ ಸಮಯಕ್ಕೆ ಸರಿಯಾಗಿ ಚೆಂಡು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2006ರ ವಿಶ್ವಕಪ್‌ನ ಅಂಗೋಲಾ ಪಂದ್ಯ ನೋಡಿ. ಆಟ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಪೌಲೇಟಾ ಒಂದು ಅವಕಾಶ ತಪ್ಪಿಸಿದ. ನಾಲ್ಕನೇ ನಿಮಿಷ ಫಿಗೊ ಡಿಫೆಂಡರ್‌ನನ್ನು ಓಟದಲ್ಲಿ ಹಿಂದೆ ಹಾಕಿ ಚೆಂಡನ್ನು ಅಡ್ಡ ಕಳಿಸಿದ, ಪೌಲೇಟಾ ಜಾಗದಲ್ಲಿದ್ದ, ಗೋಲು. ನೆದರ್ಲೆಂಡ್ಸ್ ವಿರುದ್ಧ ಮನೀಷ್ ಹೊಡೆದ ಏಕೈಕ ಗೋಲಿಗೆ ಚೆಂಡು ಇಳಿಸಿಕೊಟ್ಟವನೂ ಅವನೇ. ಅದೇ ಪಂದ್ಯದಲ್ಲಿ ಅರ್ಧಾವಧಿಗೆ ಮುಂಚೆ ಕೊಸ್ಟಿನ್ಯಾ ಕೆಂಪು ಕಾರ್ಡ್ ಪಡೆದಾಗ ಹೊರಗೆ ಬಂದವನು ಪೌಲೇಟಾ, ಒಳಗೆ ಹೋದವನು ಪೆಟಿಟ್. ಹತ್ತೇ ಮಂದಿ ಉಳಿದ ತಂಡ ಮೊದಲು ಬಿಟ್ಟುಕೊಡುವುದು ಒಂಬತ್ತನೇ ನಂಬರನ್ನೇ.

ಯುಸೇಬಿಯೊನ 41 ದಾಟಿದ್ದು 2005ರ ಅಕ್ಟೋಬರ್ 12ರಂದು, ಲಾಟ್ವಿಯಾ ವಿರುದ್ಧ ಎರಡು ಗೋಲು ಹೊಡೆದು. 2006ರ ವಿಶ್ವಕಪ್ ಮುಗಿದ ಮೇಲೆ ರಾಷ್ಟ್ರೀಯ ತಂಡ ಬಿಟ್ಟ. 47ರ ಅಂಕಿ 2014ರ ಮಾರ್ಚ್‌ನಲ್ಲಿ ಕ್ಯಾಮರೂನ್ ವಿರುದ್ಧ ರೊನಾಲ್ಡೊ ದಾಟುವವರೆಗೆ ನಿಂತಿತ್ತು. ಕ್ಲಬ್ ಆಟಕ್ಕೆ ವಿದಾಯ ಹೇಳಿದ್ದು 2008ರಲ್ಲಿ, 35ರ ವಯಸ್ಸಿನಲ್ಲಿ. ಪಿಎಸ್‌ಜಿ ಕೆಳದರ್ಜೆಯ ಅಂಚಿನಲ್ಲಿದ್ದ ಆ ಋತುವಿನಲ್ಲೂ ಲೀಗ್ ಕಪ್ ಫೈನಲ್‌ನಲ್ಲಿ ಲಾನ್ಸ್ ವಿರುದ್ಧ ಒಂದು ಗೋಲು ಅವನದಿತ್ತು, ತಂಡ 2-1ರಿಂದ ಗೆದ್ದಿತು.

ಅವನ ವಿಡಿಯೊಗಳನ್ನು ನೋಡುವವರಿಗೆ ಒಂದು ಸಲಹೆ: ಗೋಲಿನ ತುಣುಕನ್ನು ಬಿಟ್ಟು ಪೂರ್ತಿ ಪಂದ್ಯ ಸಿಕ್ಕರೆ ಅದನ್ನು ಹಾಕಿ, ಇಪ್ಪತ್ತು ನಿಮಿಷ ಚೆಂಡಿನ ಮೇಲೆ ಕಣ್ಣಿಡದೆ ಅವನನ್ನೇ ನೋಡಿ. ಹತ್ತು ಓಟಗಳಲ್ಲಿ ಎಂಟಕ್ಕೆ ಚೆಂಡು ಬರುವುದೇ ಇಲ್ಲ. ಹನ್ನೊಂದನೆಯದನ್ನೂ ಮೊದಲನೆಯದರಷ್ಟೇ ವೇಗದಲ್ಲಿ ಓಡುತ್ತಾನೆ.